ಗ್ಯಾರೇಜಿನ ತೋಟಾ, ಡಬ್ಬಿಯ ಕಾಡಿಗೆ

ನನ್ನ ಗಂಡ ಖಾಲಿ ಡಬ್ಬಿಯೊಂದನ್ನು ಎಸೆದದ್ದನ್ನು ಮದುವೆಯಾದ ಮೇಲೆ ನಾನು ನೋಡಿಯೇ ಇಲ್ಲ. ಮೊಸರಿನ ಡಬ್ಬಿ, ಉಪ್ಪಿನಕಾಯಿ ಬಾಟಲಿ, ಅಕ್ಕಿ ತುಂಬಿ ಬಂದ ಚೀಲ, ಎಲ್ಲಕ್ಕೂ ಅವರ ಬಳಿ ಪುನರ್ಜನ್ಮ ಉಂಟು. ಹೀಗಾಗಿ ಆಫೀಸಿನ ಗೆಳೆಯನೊಬ್ಬ ಒಂದು ಶನಿವಾರ ಅವರನ್ನು ಶೂಟಿಂಗ್ ರೇಂಜಿಗೆ ಕರೆದುಕೊಂಡು ಹೋದಾಗ, ಅವರು ಗುರಿಗಿಂತ ಹೆಚ್ಚಾಗಿ ನೆಲವನ್ನು ನೋಡಿ ಬಂದದ್ದರಲ್ಲಿ ಆಶ್ಚರ್ಯವಿಲ್ಲ. ಗುಂಡು ಹಾರಿದ ಮೇಲೆ ಉಳಿಯುವ ಹಿತ್ತಾಳೆಯ ಖಾಲಿ ತೋಟಾಗಳು ಅಲ್ಲಿ ಕಾಲಿಟ್ಟಲ್ಲೆಲ್ಲ ಬಿದ್ದಿದ್ದವಂತೆ. ಯಾರಿಗೂ ಬೇಕಿರಲಿಲ್ಲವಂತೆ. ಇವರು ಎರಡೂ ಜೇಬು ತುಂಬಿಕೊಂಡು ಮನೆಗೆ ಬಂದರು.

“ಇದನ್ನ ಮತ್ತೆ ತುಂಬಿಸ್ಬಹುದು ಕಣೇ. ರೀಲೋಡ್ ಮಾಡೋದು ಅಂತಾರೆ. ಮನೇಲೇ ಮಾಡ್ಕೋಬಹುದು.”

“ಏನು, ಗ್ಯಾಸ್ ಸಿಲಿಂಡರಾ ಅದು?” ಎಂದೆ.

ಇದು ಎರಡು ಸಾವಿರದ ಆರರ ಸುಮಾರಿನ ಮಾತು. ನಾವು ಅಮೆರಿಕದ ಲಾರೆನ್ಸ್‌ವಿಲ್‌ನಲ್ಲಿ ಹೊಸದಾಗಿ ಕಟ್ಟಿದ ಮನೆ ಕೊಂಡಿದ್ದೆವು. ಮಗಳು ಹುಟ್ಟಿದ್ದಳು. ಗ್ರೀನ್ ಕಾರ್ಡ್ ಕೈಗೆ ಬಂದಿತ್ತು. ವೀಸಾದಲ್ಲಿ ಇದ್ದಷ್ಟು ಕಾಲ ಬಂದೂಕು, ಗುಂಡು ಎರಡರ ತಂಟೆಗೂ ಹೋಗಬಾರದೆಂದು ಯಾರೋ ಹೇಳಿದ್ದರಿಂದ ಇವರು ಆ ದಿಕ್ಕಿಗೆ ತಲೆಯನ್ನೂ ಹಾಕಿರಲಿಲ್ಲ. ಕಾರ್ಡ್ ಬಂದದ್ದೇ ತಡ, ಕಟ್ಟಿದ ಹಗ್ಗ ಬಿಚ್ಚಿದ ಕರುವಾದರು. ಕ್ರಿಸ್‌ಮಸ್ ಹೊತ್ತಿಗೆ ನಮ್ಮ ಗ್ಯಾರೇಜಿನ ಒಂದು ಗೋಡೆಗೆ ಮರದ ಬೆಂಚು ಬಂತು. ಬೆಂಚಿನ ಅಂಚಿಗೆ ಕಬ್ಬಿಣದ ಪ್ರೆಸ್ಸೊಂದು ಬೋಲ್ಟು ಬಿಗಿದುಕೊಂಡು ಕೂತಿತು.

ಅದನ್ನು ಮೊದಲು ಸರಿಯಾಗಿ ಗುರುತಿಸಿದವರು ನನ್ನ ಅತ್ತೆ. ಮೊಮ್ಮಗಳನ್ನು ನೋಡಿಕೊಳ್ಳಲು ಮೈಸೂರಿನಿಂದ ಬಂದಿದ್ದರು. ನಾನು ಕೆಲಸಕ್ಕೆ ವಾಪಸ್ಸು ಹೋಗಿದ್ದೆ.

“ಇದು ಶಾವಿಗೆ ಒರಳಲ್ವೇನೋ?” ಎಂದು ಮಗನನ್ನು ಕೇಳಿದರು.

ನಿಜಕ್ಕೂ ಹಾಗೆಯೇ ಇತ್ತು. ಹಿಡಿ ಎಳೆದರೆ ಒಳಗೆ ಏನೋ ಒತ್ತುತ್ತಿತ್ತು. ಮೊದಲ ಎಳೆತಕ್ಕೆ ತೋಟಾದ ತಳದಲ್ಲಿ ಸುಟ್ಟು ಕೂತಿದ್ದ ಕೇಪು, ಅಂದರೆ ಮದ್ದಿಗೆ ಕಿಡಿ ಕೊಡುವ ಪುಟ್ಟ ಬಿಲ್ಲೆ, ಟಣ್ಣನೆ ಉದುರುತ್ತಿತ್ತು. ಆಮೇಲೆ ಹೊಸ ಕೇಪು, ಅಳತೆಯ ಮದ್ದಿನ ಪುಡಿ, ಕೊನೆಗೆ ತಾಮ್ರ ಹೊದಿಸಿದ ಗುಂಡು. ಅಕ್ಕಸಾಲಿಗರದಂಥ ತಕ್ಕಡಿಯಲ್ಲಿ ಮದ್ದು ತೂಗುವಾಗ ಇವರು ಉಸಿರು ಬಿಗಿಹಿಡಿಯುತ್ತಿದ್ದರು. ಆ ಹೊತ್ತಿನಲ್ಲಿ ಮಾತಾಡಿಸಿದರೆ ದೂರ್ವಾಸರ ಅವತಾರ. ಹೆಚ್ಚು ಮದ್ದು ಬಿದ್ದರೆ ಬಂದೂಕು ಕೈಯಲ್ಲೇ ಒಡೆಯುತ್ತದೆ ಎಂದು ಹೆದರಿಸುತ್ತಿದ್ದರು. ನನಗಿದ್ದ ಭಯವೂ ಅದೊಂದೇ. ಅಪಾಯ ಬಂದರೆ ಸದ್ದು ಮಾಡಿಕೊಂಡೇ ಬರುತ್ತದೆ ಎಂದುಕೊಂಡಿದ್ದೆ.

ಈ ಒರಳಿಗೆ ಮುಂಚೆ ಇನ್ನೊಂದು ಕೆಲಸವಿತ್ತು. ರೇಂಜಿನಿಂದ ಬಾಚಿ ತಂದ ತೋಟಾಗಳು ಕರಿ ಹಿಡಿದು ಗಲೀಜಾಗಿರುತ್ತಿದ್ದವು. ಅವನ್ನು ಅಕ್ರೋಟದ ಚಿಪ್ಪಿನ ತರಿಯೊಂದಿಗೆ ಒಂದು ಯಂತ್ರದಲ್ಲಿ ಹಾಕಿದರೆ ಗಂಟೆಗಟ್ಟಲೆ ಗಡಗಡ ಅಲುಗಿ ಫಳಫಳ ಹೊಳೆಯುತ್ತ ಬರುತ್ತಿದ್ದವು. ಆಮೇಲೆ ತರಿಯನ್ನು ಬೇರ್ಪಡಿಸಬೇಕು. ಅದಕ್ಕೆ ಅತ್ತೆ ತಮ್ಮ ಹಳೆಯ ಜರಡಿಯನ್ನು ಕೊಟ್ಟು, “ಇನ್ನು ಅದು ಅಡುಗೆಮನೆಗೆ ಬೇಡ, ಅಲ್ಲೇ ಇಟ್ಕೋ” ಎಂದಿದ್ದರು. ಇವರು ಬೆಂಚಿನ ಮುಂದೆ ನಿಂತು ಜರಡಿ ಹಿಡಿಯುವಾಗ ಬೂದುಬಣ್ಣದ ಧೂಳು ಎದೆಯ ತನಕ ಏಳುತ್ತಿತ್ತು. ಕಸದಿಂದ ರಸ ತೆಗೆಯುವ ಆನಂದ ಮುಖದ ತುಂಬ ಇರುತ್ತಿತ್ತು. ಆ ಕೆಲಸಕ್ಕೆಂದೇ ಒಂದು ಹಳೆಯ ಕಾಲರಿನ ಟೀ ಶರ್ಟು ಇಟ್ಟುಕೊಂಡಿದ್ದರು. ಹರಿದಿದ್ದರೂ ಎಸೆಯಲು ಮನಸ್ಸಿಲ್ಲ. ಕೆಲಸ ಮುಗಿಸಿ, ಕೈ ತೊಳೆದು, ಒಳಗೆ ಬಂದು ಮಗಳನ್ನು ಎತ್ತಿಕೊಳ್ಳುತ್ತಿದ್ದರು. ಅವಳಿಗೆ ಅಪ್ಪನ ಹೆಗಲೇ ಆಗಬೇಕು, ಇಲ್ಲದಿದ್ದರೆ ನಿದ್ದೆ ಇಲ್ಲ.

ಅತ್ತೆಯ ಕಾರ್ಖಾನೆ ಬೇರೆ. ಅವರು ಹರಳೆಣ್ಣೆ ದೀಪ ಹಚ್ಚಿ, ಮೇಲೆ ತಟ್ಟೆ ಕವುಚಿ, ಕೂತ ಮಸಿಯನ್ನು ಕೆರೆದು ಕಾಡಿಗೆ ಮಾಡುತ್ತಿದ್ದರು. ಮೊದಲ ಸಲ ಅಡುಗೆಮನೆಯಲ್ಲಿ ಮಾಡಿ ಸ್ಮೋಕ್ ಅಲಾರಂ ಕೂಗಿಸಿದ ಮೇಲೆ ಕಾರ್ಖಾನೆ ಮನೆಯ ಹಿಂದಿನ ಮರದ ಜಗಲಿಗೆ, ಅಂದರೆ ಡೆಕ್ಕಿಗೆ, ಹೋಯಿತು. ಪ್ರತಿದಿನ ಸ್ನಾನವಾದ ಮೇಲೆ ಮಗುವಿನ ಕಣ್ಣಿಗೊಂದು ಗೆರೆ, ಕೆನ್ನೆಗೊಂದು ದೃಷ್ಟಿಬೊಟ್ಟು. ಆ ಬೊಟ್ಟನ್ನು ನೋಡಿ ಪಕ್ಕದ ಮನೆಯವರು ಮಗುವಿಗೆ ಪೆಟ್ಟಾಗಿದೆಯೇ ಎಂದು ಕೇಳಿದ್ದರು.

ಒಂದು ವರ್ಷದ ತಪಾಸಣೆಗೆ ಹೋದಾಗ ಮಕ್ಕಳ ಡಾಕ್ಟರು ಮಗಳ ಬೆರಳು ಚುಚ್ಚಿ ರಕ್ತ ತೆಗೆದರು. ಎಲ್ಲ ಮಕ್ಕಳಿಗೂ ಮಾಡುವಂಥದ್ದು ಎಂದರು. ಎರಡು ದಿನದ ಮೇಲೆ ಫೋನು ಬಂತು. ರಕ್ತದಲ್ಲಿ ಸೀಸ ಇತ್ತು. ತೋಳಿನಿಂದ ಮತ್ತೆ ರಕ್ತ ತೆಗೆದು ನೋಡಿದರು, ಆಗಲೂ ಇತ್ತು. ಇರಬಾರದಷ್ಟು ಇತ್ತು. ಸೀಸ ಏನು ಮಾಡುತ್ತದೆ ಎಂದು ಕೇಳಿದ್ದಕ್ಕೆ ಡಾಕ್ಟರು ತಗ್ಗಿದ ದನಿಯಲ್ಲಿ, ಅದು ಬೆಳೆಯುವ ಮಿದುಳಿಗೆ ಒಳ್ಳೆಯದಲ್ಲ, ಕಲಿಯುವ ಶಕ್ತಿ ಕುಗ್ಗಬಹುದು, ಆದರೆ ಮೂಲವನ್ನು ಬೇಗ ಹುಡುಕಿ ತೆಗೆದರೆ ಇಳಿಯುತ್ತದೆ ಎಂದರು. ನನಗೆ ವಿಪರೀತ ಹೆದರಿಕೆಯಾಗಿತ್ತು.

ಕೌಂಟಿಯ, ಅಂದರೆ ಇಲ್ಲಿನ ಜಿಲ್ಲೆಯ, ಆರೋಗ್ಯ ಇಲಾಖೆಯಿಂದ ಒಬ್ಬ ನರ್ಸ್ ಗುರುವಾರ ಮನೆಗೆ ಬಂದು ಪರೀಕ್ಷೆ ಮಾಡುತ್ತಾರೆಂದು ಗೊತ್ತಾಯಿತು. ಮನೆಗೆ ಯಾರೋ ಬರುತ್ತಾರೆಂದರೆ ನಮ್ಮವರು ಏನು ಮಾಡುತ್ತಾರೆ? ನಾವೂ ಅದನ್ನೇ ಮಾಡಿದೆವು. ಯುಗಾದಿಗೂ ಅಷ್ಟು ತೊಳೆದಿರಲಿಲ್ಲ. ನಾನು ಕಿಟಕಿಯ ಸಂದುಗಳನ್ನೆಲ್ಲ ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಇವರು ಬಾಡಿಗೆಗೆ ಯಂತ್ರ ತಂದು ಕಾರ್ಪೆಟ್ಟನ್ನೆಲ್ಲ ಶಾಂಪೂ ಹಾಕಿ ತೊಳೆದರು. ಅತ್ತೆ ಮಗುವಿನ ಆಟಿಕೆಗಳನ್ನು ಬಿಸಿನೀರಿನಲ್ಲಿ ಅದ್ದಿದರು, ನೆಲವನ್ನು ಮೂರು ಸಲ ಒರೆಸಿದರು. ಯಾರೋ ಅವರಿಗೆ ಫೋನಿನಲ್ಲಿ, ಇಲ್ಲಿನವರು ನಮ್ಮ ಕಾಡಿಗೆಯನ್ನು ಅನುಮಾನದಿಂದ ನೋಡುತ್ತಾರೆ ಎಂದಿದ್ದರಂತೆ. ಸುಮ್ಮನೆ ಯಾಕೆ ಎಂದು ಡಬ್ಬಿಯನ್ನು ಕಸದ ಬುಟ್ಟಿಗೆ ಹಾಕಿಬಿಟ್ಟರು. ಬುಧವಾರ ಕಸದ ಲಾರಿ ಬಂದು ಹೋಯಿತು.

ಗುರುವಾರ ನರ್ಸಮ್ಮ ಬಂದರು. ಕೇಸರಿಬಾತು, ಉಪ್ಪಿಟ್ಟು, ಕಾಫಿ ಸಿದ್ಧವಾಗಿತ್ತು. ಅವರು ಕಿಟಕಿ, ನೆಲ, ತೊಟ್ಟಿಲು ಎಲ್ಲದರ ಮೇಲೂ ಒದ್ದೆ ಕಾಗದ ಎಳೆದು, ಒಂದೊಂದನ್ನೂ ಕೊಳವೆಯಲ್ಲಿ ಹಾಕಿಕೊಂಡರು. ಇಷ್ಟು ಶುಭ್ರವಾದ ಮನೆಯನ್ನು ತಾನು ನೋಡಿಯೇ ಇಲ್ಲ ಎಂದು ಹೊಗಳಿದರು. ಅತ್ತೆಗೆ ಅದನ್ನು ಕನ್ನಡದಲ್ಲಿ ಹೇಳಿದಾಗ ಮುಖ ಊರಗಲವಾಯಿತು. ಬಾಗಿಲು ತೊಳೆದು ಕಳ್ಳನ ಹೆಜ್ಜೆ ಹುಡುಕುವಂತೆ ಆಗಿದೆ ಎಂದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ.

ಆಮೇಲೆ ಪ್ರಶ್ನೆಗಳು. ಕುಂಕುಮ, ಅರಿಶಿನ, ಹಿತ್ತಾಳೆ ಪಾತ್ರೆ, ಎಲ್ಲ ತೋರಿಸಿದೆವು, ಎಸೆದ ಕಾಡಿಗೆಯ ವಿಷಯವನ್ನೂ ಹೇಳಿದೆವು. ಮನೆಯಲ್ಲಿ ಯಾರಿಗಾದರೂ ಹವ್ಯಾಸಗಳು ಉಂಟೇ ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಇವರು “ಕ್ರಿಕೆಟ್” ಎಂದರು. ನಾನು ಇವರ ಮುಖ ನೋಡಿದೆ. ಇವರು ಕಾಫಿ ಲೋಟ ನೋಡುತ್ತಿದ್ದರು.

ನರ್ಸಮ್ಮ ಹೋದ ಮೇಲೆ ರೇಗಿದೆ. “ಯಾಕ್ರೀ ಹೇಳ್ಲಿಲ್ಲ?”

“ಗವರ್ನಮೆಂಟ್ ಹೆಂಗಸಿನ ಮುಂದೆ, ನನ್ನಂಥ ಬಣ್ಣದವ್ನು, ಗ್ಯಾರೇಜಲ್ಲಿ ಗನ್ ಪೌಡರ್ ಇದೆ ಅಂತ ಹೇಳ್ಲಾ? ಟೀವಿ ನೋಡಲ್ವಾ ನೀನು? ಆ ಗುಂಡಿಗೆಲ್ಲ ತಾಮ್ರ ಸುತ್ತಿರತ್ತೆ. ಮಗು ಗ್ಯಾರೇಜಿಗೆ ಕಾಲೇ ಇಟ್ಟಿಲ್ಲ. ಅದಕ್ಕೂ ಇದಕ್ಕೂ ಏನ್ ಸಂಬಂಧ?”

ಮಗು ಗ್ಯಾರೇಜಿಗೆ ಹೋಗಿರಲಿಲ್ಲ ಎನ್ನುವುದು ನಿಜವೇ. ನಾನು ಕಾಫಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದೆ.

ಫಲಿತಾಂಶ ಬಂತು. ಮನೆಯಲ್ಲಿ ಎಲ್ಲಿಯೂ ಏನೂ ಇಲ್ಲ. ಕುಂಕುಮದಲ್ಲೂ ಇಲ್ಲ. ಪರೀಕ್ಷೆಗೆ ಸಿಗದೆ ಉಳಿದದ್ದು ಒಂದೇ ವಸ್ತು, ಅತ್ತೆ ಎಸೆದ ಕಾಡಿಗೆ. ಸಿಗದ ವಸ್ತುವಿನ ಮೇಲೆ ಅಪರಾಧ ಹೊರಿಸುವುದು ಎಷ್ಟು ಸುಲಭ! ನರ್ಸಮ್ಮ ಬಹುಶಃ ಅದೇ ಇರಬೇಕು ಎಂದರು, ಡಾಕ್ಟರು ಹೌದೆಂದರು, ಇವರು ನಿಟ್ಟುಸಿರು ಬಿಟ್ಟರು. ನನಗೂ ಅದೇ ಸರಿ ಅನ್ನಿಸಿತು. ಎಸೆದದ್ದೇ ತಪ್ಪೊಪ್ಪಿಗೆಯಂತೆ ಕಂಡಿತ್ತಲ್ಲ.

ಅಂದಿನಿಂದ ಅವರು ಮೊಮ್ಮಗಳಿಗೆ ಕೈಯಿಂದ ಅನ್ನ ಕಲಸಿ ತಿನ್ನಿಸುವುದನ್ನು ಬಿಟ್ಟು ಚಮಚ ಹಿಡಿದರು. ಮುಖ ಒರೆಸುವುದಕ್ಕೂ ನನ್ನನ್ನು ಕರೆಯುತ್ತಿದ್ದರು. ಮಗು ತೆವಳಿಕೊಂಡು ಹೋಗಿ ಸೆರಗು ಹಿಡಿದರೆ ನನ್ನತ್ತ ನೋಡಿ, “ಎತ್ಕೊಳ್ಲೇನಮ್ಮ?” ಎನ್ನುತ್ತಿದ್ದರು. ಹಾಗೆ ಕೇಳಬೇಡಿ ಎಂದು ಎಷ್ಟು ಹೇಳಿದರೂ ಕೇಳುತ್ತಿದ್ದರು. ಇವರು ಗ್ಯಾರೇಜಿನಲ್ಲಿ ಒರಳು ಒತ್ತುತ್ತಲೇ ಇದ್ದರು.

ಕೆಲವು ವಾರಗಳ ನಂತರ ಮತ್ತೆ ರಕ್ತ ಪರೀಕ್ಷೆ. ಇಳಿಯಬೇಕಾದ ಸೀಸ ಏರಿತ್ತು.

ಫೋನು ಮಾಡಿದ ನರ್ಸಮ್ಮ ಗೊಂದಲದಲ್ಲಿದ್ದರು. ಕಾಡಿಗೆ ನಿಲ್ಲಿಸಿದ ಮೇಲೂ ಏರಿದೆ ಎಂದರೆ ಮೂಲ ಬೇರೆಲ್ಲೋ ಇದೆ, ಮಗು ಬಾಯಿಗೆ ಏನೇನು ಹಾಕುತ್ತದೆ ಎಂದು ಗಮನಿಸಿ ಎಂದರು. ಹಾರ್ಡ್‌ವೇರ್ ಅಂಗಡಿಯಲ್ಲಿ ಒಂದು ಬಗೆಯ ಕಡ್ಡಿ ಸಿಗುತ್ತದೆ, ಸೀಸ ಇದ್ದ ಕಡೆ ಉಜ್ಜಿದರೆ ತುದಿ ಕೆಂಪಾಗುತ್ತದೆ ಎಂದೂ ಹೇಳಿದರು. ನಾನು ಆಫೀಸಿಗೆ ರಜೆ ಹಾಕಿ ಮಗಳ ಹಿಂದೆ ತಿರುಗಿದೆ. ಅವಳು ಕುಕ್ಕರಿನ ರಬ್ಬರು, ರಿಮೋಟು, ತನ್ನ ಕಾಲಿನ ಹೆಬ್ಬೆರಳು, ಎಲ್ಲವನ್ನೂ ಬಾಯಿಗೆ ಹಾಕುತ್ತಿದ್ದಳು. ಉಜ್ಜಿದೆ. ಯಾವುದೂ ಕೆಂಪಾಗಲಿಲ್ಲ. ಸಂಜೆ ಇವರು ಗ್ಯಾರೇಜಿನಿಂದ ಬಂದು ಅವಳನ್ನು ಹೆಗಲಿಗೆ ಹಾಕಿಕೊಂಡರು. ಅವಳು ಕಣ್ಣು ಮುಚ್ಚಿ, ಆ ಹಳೆಯ ಶರ್ಟಿನ ಕಾಲರನ್ನು ಬಾಯಿಗೆ ಎಳೆದುಕೊಂಡು, ಚೀಪುತ್ತ ನಿದ್ದೆಹೋದಳು. ದಿನವೂ ನೋಡುತ್ತಿದ್ದ ದೃಶ್ಯ. ಫೋಟೋ ಕೂಡ ತೆಗೆದು ಮೈಸೂರಿನ ನೆಂಟರಿಗೆ ಕಳಿಸಿದ್ದೆ.

ಮರುದಿನ ಇವರು ಕೆಲಸಕ್ಕೆ ಹೋದ ಮೇಲೆ, ಗ್ಯಾರೇಜಿನ ಮೊಳೆಗೆ ನೇತುಹಾಕಿದ್ದ ಆ ಶರ್ಟನ್ನು ತೆಗೆದು ಹೆಗಲಿನ ಮೇಲೆ ಕಡ್ಡಿ ಉಜ್ಜಿದೆ. ತುದಿ ಕುಂಕುಮದ ಬಣ್ಣಕ್ಕೆ ತಿರುಗಿತು. ಕಾಲರಿಗೆ ಇನ್ನೊಂದು ಕಡ್ಡಿ ಉಜ್ಜಿದೆ. ಅದೂ ಹಾಗೆಯೇ.

ನರ್ಸಮ್ಮನಿಗೆ ಫೋನು ಮಾಡಿ ಎಲ್ಲವನ್ನೂ ಹೇಳಿದೆ. ಅವರಿಗೆ ಗನ್ ಪೌಡರಿನ ಬಗ್ಗೆ ಕಿಂಚಿತ್ತೂ ದಿಗಿಲಾಗಲಿಲ್ಲ. ತನ್ನ ಅಣ್ಣನೂ ಮನೆಯಲ್ಲಿ ರೀಲೋಡ್ ಮಾಡುತ್ತಾನೆ ಎಂದರು. ತೊಂದರೆ ತಾಮ್ರ ಹೊದಿಸಿದ ಗುಂಡಿನದಲ್ಲವಂತೆ. ಕೇಪಿನಲ್ಲಿಯೂ ಸೀಸ ಇರುತ್ತದಂತೆ. ಅದು ಉರಿದ ಮೇಲೆ ಬೂದಿಯಾಗಿ ಖಾಲಿ ತೋಟಾದೊಳಗೆ ಕೂತಿದ್ದು, ಜರಡಿ ಹಿಡಿಯುವಾಗ ಧೂಳಾಗಿ ಏಳುತ್ತದಂತೆ. ಅಣ್ಣ ಆ ಕೆಲಸಕ್ಕೆ ಮುಖಕ್ಕೆ ಮಾಸ್ಕ್ ಹಾಕುತ್ತಾನೆ, ಬಟ್ಟೆಯನ್ನು ಬೇರೆಯೇ ಒಗೆಯುತ್ತಾನೆ ಎಂದರು. ಅಂದು ಹವ್ಯಾಸ ಎಂದು ಕೇಳಿದ್ದು ಅದಕ್ಕೇ ಆಗಿತ್ತು ಎಂದೂ ಸೇರಿಸಿದರು.

ಅತ್ತೆ ಪಕ್ಕದಲ್ಲೇ ನಿಂತಿದ್ದರು. ನಾನು ಕೆಂಪು ಕಡ್ಡಿಯನ್ನು ತೋರಿಸಿ ವಿಷಯ ತಿಳಿಸಿದೆ. “ಹಾಗಾದ್ರೆ ನನ್ನ ಕಾಡಿಗೆ ಅಲ್ಲ,” ಎಂದರು. ಕುರ್ಚಿ ಎಳೆದುಕೊಂಡು ಕೂತು, ಸೆರಗಿನಲ್ಲಿ ಮುಖ ಮುಚ್ಚಿ ಅತ್ತರು. ನಾನು ಅವರ ಬೆನ್ನ ಮೇಲೆ ಕೈಯಿಟ್ಟೆ. ನನಗೂ ಅಳು ಬಂತು. ಸ್ವಲ್ಪ ಹೊತ್ತಿನ ಮೇಲೆ ಅವರು ಕಣ್ಣೊರೆಸಿಕೊಂಡು ಹೇಳಿದ ಮಾತನ್ನು ನಾನು ನಿರೀಕ್ಷಿಸಿರಲಿಲ್ಲ.

“ಅವನಿಗೆ ಹೇಳ್ಬೇಡಮ್ಮ. ಆ ಶರ್ಟ್ ಎಸೆದ್ಬಿಡು. ಧೂಳು ಅಲರ್ಜಿ, ಅದೆಲ್ಲ ಬೇಡ ಅಂತ ಏನಾದ್ರೂ ನೆವ ಹೇಳಿ ಬಿಡ್ಸು. ಆಮೇಲೂ ಕದ್ದು ಹಚ್ತಿದ್ದೆ ಅಂತ ನಾನೇ ಹೇಳ್ತೀನಿ, ಕಾಡಿಗೆಯಿಂದ್ಲೇ ಆಯ್ತು ಅಂತಿರ್ಲಿ. ನಾನು ಇನ್ನೆರಡು ತಿಂಗಳಲ್ಲಿ ಊರಿಗೆ ಹೋಗೋಳು, ನನಗೇನು. ಎದೆ ಮೇಲೆ ಮಲಗಿಸ್ಕೊಂಡಿದ್ದಕ್ಕೇ ಹೀಗಾಯ್ತು ಅಂತ ಗೊತ್ತಾದ್ರೆ ಅವನು ತಡ್ಕೊಳ್ಳಲ್ಲ.”

“ಇಲ್ಲ ಅತ್ತೆ, ಹೇಳ್ತೀನಿ,” ಎಂದೆ. ನನಗೆ ಅವರ ಮೇಲೂ ಸಿಟ್ಟು ಬಂದಿತ್ತು. ಮಗನಿಗೆ ನೋವಾಗಬಾರದೆಂದು ಅಪರಾಧವನ್ನೇ ಹೊದ್ದು ವಿಮಾನ ಹತ್ತಲು ಸಿದ್ಧವಾಗಿದ್ದ ಆ ಹೆಂಗಸನ್ನು ಅಪ್ಪಿಕೊಳ್ಳಬೇಕೋ ಬೈಯಬೇಕೋ ತಿಳಿಯಲಿಲ್ಲ.

ಓದುವವರನ್ನು ತುದಿಗಾಲಲ್ಲಿ ನಿಲ್ಲಿಸುವುದು ನನಗೆ ಇಷ್ಟವಿಲ್ಲ, ಈಗಲೇ ಹೇಳಿಬಿಡುತ್ತೇನೆ. ಮಗಳು ಚೆನ್ನಾಗಿದ್ದಾಳೆ. ಸೀಸ ನಿಧಾನವಾಗಿ, ತಿಂಗಳುಗಟ್ಟಲೆ ತೆಗೆದುಕೊಂಡು ಇಳಿಯಿತು. ಅವಳ ಜಾಣತನದಲ್ಲಿ ಏನಾದರೂ ಕಡಿಮೆಯಾಯಿತೇ ಎನ್ನುವುದನ್ನು ಅಳೆಯುವ ತಕ್ಕಡಿ ಯಾರ ಬಳಿಯೂ ಇಲ್ಲ. ಪ್ರೆಸ್ಸು, ತಕ್ಕಡಿ, ಅಲುಗುವ ಯಂತ್ರ ಎಲ್ಲ ಆ ಆಫೀಸಿನ ಗೆಳೆಯನ ಮನೆ ಸೇರಿದವು.

ಆ ಸಂಜೆ ಇವರು ಬಂದ ಕೂಡಲೇ, ಬೂಟು ಬಿಚ್ಚುವ ಮೊದಲೇ, ಎರಡು ಕಡ್ಡಿಗಳನ್ನು ಮುಂದಿಟ್ಟು ಹೇಳಿದೆ. ಸುತ್ತಿ ಬಳಸಿ ಹೇಳಲಿಲ್ಲ. ಅವರು ಕಡ್ಡಿಗಳನ್ನು ನೋಡಿದರು, ತಮ್ಮ ಹೆಗಲನ್ನು ನೋಡಿಕೊಂಡರು. ಮೈಮೇಲೆ ಇದ್ದದ್ದು ಆಫೀಸಿನ ಒಗೆದ ಅಂಗಿ. ಆದರೂ ನೋಡಿಕೊಂಡರು. ಅಷ್ಟರಲ್ಲಿ ಅಪ್ಪನ ದನಿ ಕೇಳಿದ ಮಗಳು ಸೋಫಾ ಹಿಡಿದುಕೊಂಡು ಎದ್ದು, ಆಗಷ್ಟೇ ಕಲಿತಿದ್ದ ತಪ್ಪು ಹೆಜ್ಜೆಯಲ್ಲಿ ಬಂದು ಅವರ ಕಾಲನ್ನು ಅಪ್ಪಿಕೊಂಡಳು. ಅವರು ಅವಳನ್ನು ಮುಟ್ಟಲಿಲ್ಲ. ಎರಡೂ ಕೈಗಳನ್ನು ತಲೆಯ ಮೇಲಕ್ಕೆ ಎತ್ತಿ ನಿಂತುಬಿಟ್ಟರು. ಅವಳು ಅದನ್ನು ಆಟ ಎಂದುಕೊಂಡಳು. ತಾನೂ ಎರಡು ಕೈ ಮೇಲೆತ್ತಿ, ಎತ್ತಿಕೋ ಎಂದು ಕಾಯುತ್ತ ನಿಂತಳು. ಇಬ್ಬರೂ ಹಾಗೆಯೇ ನಿಂತಿದ್ದರು.

ಅತ್ತೆ ಒಳಗಿನಿಂದ ಬಂದರು. ನನ್ನನ್ನು ಏನೂ ಕೇಳಲಿಲ್ಲ. ಮೊಮ್ಮಗಳನ್ನು ಎತ್ತಿ ಸೊಂಟದ ಮೇಲೆ ಕೂರಿಸಿಕೊಂಡು, ಇನ್ನೊಂದು ಕೈಯಿಂದ ಮಗನ ಎತ್ತಿದ ಕೈಯೊಂದನ್ನು ಹಿಡಿದು ಕೆಳಗಿಳಿಸಿದರು.