ದಿಲ್ಲಿಯಲ್ಲಿ ಹೇಳಿದ ಸಾವು

ಸಂಸದರೊಬ್ಬರ ಮಂಗಳೂರಿನ ಕಚೇರಿಯಲ್ಲಿ ನಾನು ಕೆಲವು ವರ್ಷ ಕೆಲಸ ಮಾಡಿದ್ದೇನೆ. ಯಾರು, ಯಾವ ಸದನ, ಯಾವ ಪಕ್ಷ ಎಂದು ಬರೆಯುವುದಿಲ್ಲ. ಬರೆದರೆ ಓದುವವರು ಅದನ್ನೇ ಹಿಡಿದುಕೊಂಡು ಜಗಳಕ್ಕೆ ನಿಲ್ಲುತ್ತಾರೆ, ನನ್ನ ಚಿಕ್ಕಮ್ಮನ ಮಾತು ಮತ್ತೊಮ್ಮೆ ಮೂಲೆಗೆ ಬೀಳುತ್ತದೆ. ಒಂದು ಸಲ ಬಿದ್ದದ್ದೇ ಸಾಕು.

ನನ್ನ ಕೆಲಸ ದೊಡ್ಡದೇನಲ್ಲ. ಜನ ಕನ್ನಡದಲ್ಲೋ ತುಳುವಿನಲ್ಲೋ ಬಂದು ಹೇಳಿಕೊಂಡದ್ದನ್ನು ಇಂಗ್ಲಿಷಿನಲ್ಲಿ ಚೊಕ್ಕ ಮಾಡಿ ದಿಲ್ಲಿಗೆ ಕಳಿಸುವುದು. ಅಧಿವೇಶನ ನಡೆಯುವಾಗ ಶೂನ್ಯವೇಳೆ ಎಂಬುದೊಂದಿದೆ. ಆಗ ಸದಸ್ಯರು ‘ತುರ್ತು ಸಾರ್ವಜನಿಕ ಮಹತ್ವದ ವಿಷಯ’ವನ್ನು ಎತ್ತಬಹುದು. ಸಿಗುವುದು ಎರಡೋ ಮೂರೋ ನಿಮಿಷ, ಅದೂ ಅದೃಷ್ಟ ಇದ್ದರೆ. ಹಾಗಾಗಿ ಯಾವುದು ತುರ್ತು, ಯಾವುದು ಮಹತ್ವ ಎಂಬ ಚರ್ಚೆ ನಮ್ಮ ಕಚೇರಿಯಲ್ಲಿ ಚಹಾ ಕುಡಿಯುತ್ತಾ ನಡೆಯುತ್ತಿತ್ತು. ಹೆದ್ದಾರಿ, ರೈಲು, ಬಂದರು, ದೇಶದ ಭದ್ರತೆ, ಇವಕ್ಕೆ ಚರ್ಚೆಯೇ ಬೇಡ. ಗಲ್ಫಿನಲ್ಲಿ ಸತ್ತವನ ಹೆಣ ಊರಿಗೆ ತರಿಸುವುದು ಕೆಲವು ಸಲ ಮಹತ್ವದ್ದು, ಕೆಲವು ಸಲ ಅಲ್ಲ. ಪತ್ರಿಕೆಯಲ್ಲಿ ಎಷ್ಟು ದೊಡ್ಡದಾಗಿ ಬಂದಿದೆ ಎಂದು ನೋಡಿಕೊಂಡು ನಿರ್ಧಾರವಾಗುತ್ತಿತ್ತು.

ಸಂಸದರು ಕೆಟ್ಟವರಲ್ಲ. ಬಂದವರ ಮಾತನ್ನು ಪೂರ್ತಿ ಕೇಳುತ್ತಿದ್ದರು. ಅವರು ಹೋದ ಮೇಲೆ ಕನ್ನಡಕ ತೆಗೆದು ನನ್ನ ಕಡೆ ನೋಡಿ, “ಇದರಲ್ಲಿ ಪಾಲಿಸಿ ಎಂತ ಉಂಟು?” ಎಂದು ಕೇಳುತ್ತಿದ್ದರು. ಪಾಲಿಸಿ ಅಂದರೆ ಅದು ಒಬ್ಬರ ಕಷ್ಟ ಆಗಿರಬಾರದು, ಸಾವಿರಾರು ಜನರದ್ದಾಗಿರಬೇಕು. ಕನಿಷ್ಠ ಪಕ್ಷ ಸಾವಿರಾರು ಜನರದ್ದೆಂದು ಬರೆಯಲು ಬರುವಂತಿರಬೇಕು. ಬರೆಯುವುದಕ್ಕೆ ನಾನಿದ್ದೆನಲ್ಲ.

ಚಿಕ್ಕಮ್ಮ ಅಂದರೆ ಅಮ್ಮನ ತಂಗಿ. ಮನೆ ಬೆಂಗ್ರೆಯಲ್ಲಿ, ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ. ಬಂದರಿನಲ್ಲಿ ಫೆರಿ ಹತ್ತಿದರೆ ಆಚೆ ದಡದಲ್ಲೇ. ಅವಳಿಗೆ ಒಬ್ಬನೇ ಮಗ, ಮೀನಿನ ಬೋಟಿನಲ್ಲಿ ದುಡಿಯುತ್ತಿದ್ದ. ಮದುವೆಯಾಗಿ ಪುಟ್ಟ ಮಗಳೊಬ್ಬಳಿದ್ದಳು. ನನಗಿಂತ ಸಣ್ಣವನು. ಶಾಲೆಯ ರಜೆಯಲ್ಲಿ ಮಂಗಳೂರಿನ ಒಳಭಾಗದ ಶಕ್ತಿನಗರದ ನಮ್ಮ ಮನೆಗೆ ಬಂದರೆ ಎರಡನೇ ದಿನಕ್ಕೇ, ಇಲ್ಲಿ ಕಡಲಿನ ಶಬ್ದ ಇಲ್ಲ, ನಿದ್ದೆ ಬರುವುದಿಲ್ಲ ಎಂದು ಗಂಟುಮೂಟೆ ಕಟ್ಟುತ್ತಿದ್ದ. ನಾವೆಲ್ಲ ತಮಾಷೆ ಮಾಡುತ್ತಿದ್ದೆವು.

ಮಳೆಗಾಲ ಮುಗಿದು ಬೋಟುಗಳು ಮತ್ತೆ ಕಡಲಿಗಿಳಿದ ಒಂದು ವರ್ಷ ಅವರ ಬೋಟು ಗಾಳಿಗೆ ಸಿಕ್ಕಿ ಮಗುಚಿತು. ಉಳಿದವರನ್ನೆಲ್ಲ ಬೇರೆ ಬೋಟಿನವರು ಎತ್ತಿದರು. ಅವನೊಬ್ಬ ಸಿಗಲಿಲ್ಲ. ಹುಡುಕಿದರು, ಹೆಲಿಕಾಪ್ಟರ್ ಬಂತು, ಹೋಯಿತು. ಹೆಣ ಯಾವ ದಡಕ್ಕೂ ಬರಲಿಲ್ಲ.

ಹೆಣ ಸಿಗದಿದ್ದರೆ ಸಾವಿಲ್ಲ. ಕಾಣೆಯಾದವನ ಸುದ್ದಿ ಏಳು ವರ್ಷ ಇಲ್ಲದಿದ್ದರೆ ಮಾತ್ರ ಸತ್ತನೆಂದು ತಿಳಿಯಬಹುದು ಎನ್ನುತ್ತದೆ ಕಾನೂನು. ಅಲ್ಲಿಯವರೆಗೆ ಅವನ ಹೆಂಡತಿ ಏನು ಎಂದು ಯಾವ ಕಾನೂನೂ ಹೇಳುವುದಿಲ್ಲ. ಮನೆಯ ಹಕ್ಕುಪತ್ರ ಅವನ ಹೆಸರಿನಲ್ಲಿತ್ತು. ಹಂಚಿನ ಮಾಡನ್ನು ಹೊತ್ತ ಮರದ ಪಕ್ಕಾಸುಗಳು ಕುಂಬಾಗಿ ಪುಡಿಯಾಗುತ್ತಿದ್ದವು, ಜೋರು ಗಾಳಿ ಬಂದರೆ ಮಗಳನ್ನು ಎತ್ತಿಕೊಂಡು ನೆರೆಮನೆಗೆ ಓಡಬೇಕಿತ್ತು. ಸರಕಾರದ ಯೋಜನೆಯಲ್ಲಿ ರಿಪೇರಿ ಮಾಡಿಸೋಣ ಎಂದು ಸೊಸೆ ಹೋದರೆ ಯಜಮಾನರ ಸಹಿ ಕೇಳುತ್ತಿದ್ದರು. ಯಜಮಾನರಿಲ್ಲ ಅಂದರೆ ಮರಣ ಪ್ರಮಾಣಪತ್ರ. ಒಬ್ಬ ಗುಮಾಸ್ತ ಅವಳ ಕುತ್ತಿಗೆ ನೋಡಿ, “ಕರಿಮಣಿ ಹಾಕಿಕೊಂಡು ಡೆತ್ ಸರ್ಟಿಫಿಕೇಟ್ ಕೇಳ್ತೀರಲ್ಲ” ಎಂದನಂತೆ. ನಗರದ ಬಟ್ಟೆ ಅಂಗಡಿಯಲ್ಲಿ ದಿನವಿಡೀ ನಿಂತು ದುಡಿಯುವ ಹೆಂಗಸು ಅವಳು, ಸುಲಭಕ್ಕೆ ಅಳುವವಳಲ್ಲ. ನನ್ನ ಮುಂದೆಯೂ ಅಳಲಿಲ್ಲ.

“ಭಾವ, ವಿಧವೆ ಅಂತ ಬರೆಸಿಕೊಳ್ಳಲಿಕ್ಕೆ ಏಳು ವರ್ಷ ಕ್ಯೂ ನಿಲ್ಬೇಕಾ ನಾನು?” ಎಂದು ಕೇಳಿದಳು ಅಷ್ಟೆ.

ಆ ಕರಿಮಣಿ ಅವಳ ಕುತ್ತಿಗೆಯಲ್ಲಿದ್ದದ್ದು ಅತ್ತೆಗೋಸ್ಕರ. ಚಿಕ್ಕಮ್ಮನ ಪ್ರಕಾರ ಮಗ ಸತ್ತಿರಲಿಲ್ಲ. ಗಡಿ ದಾಟಿ ಸಿಕ್ಕಿಬಿದ್ದು, ವರ್ಷಗಟ್ಟಲೆ ಬೇರೆ ದೇಶದ ಜೈಲಿನಲ್ಲಿ ಕೊಳೆತು, ಗಡ್ಡ ಬಿಟ್ಟುಕೊಂಡು ವಾಪಸು ಬಂದ ಮೀನುಗಾರರನ್ನು ಅವಳು ಟಿವಿಯಲ್ಲಿ ನೋಡಿದ್ದಳು. ಅವನೂ ಹಾಗೆಯೇ ಎಲ್ಲಿಯೋ ಇದ್ದಾನೆ ಎಂದು ಗಟ್ಟಿ ಮಾಡಿಕೊಂಡಿದ್ದಳು. “ಯಾವುದಾದ್ರೂ ಹಡಗಿನವರು ಎತ್ತಿಕೊಂಡಿರ್ತಾರೆ ಮಗಾ. ಅವನಿಗೆ ಬರುದು ತುಳು, ಕನ್ನಡ ಎರಡೇ. ಯಾವ ಊರು, ಯಾರ ಮಗ ಅಂತ ಅಲ್ಲಿಯವರಿಗೆ ಹೇಗೆ ಹೇಳ್ತಾನೆ?” ಎನ್ನುತ್ತಿದ್ದಳು. ಬೆಂಗ್ರೆಯಲ್ಲಿ ಯಾರೂ ಅವಳೆದುರು ಸತ್ತ ಎಂಬ ಶಬ್ದ ತೆಗೆಯುತ್ತಿರಲಿಲ್ಲ. ದಾರಿಯಲ್ಲಿ ಸಿಕ್ಕಿದವರೆಲ್ಲ, “ಸುದ್ದಿ ಎಂತಾದ್ರೂ ಬಂತಾ?” ಎಂದು ಕೇಳುತ್ತಿದ್ದರು. ಇಲ್ಲ, ಬರ್ತದೆ ಎಂದು ಅವಳು ಹೇಳುತ್ತಿದ್ದಳು. ಅತ್ತೆ ಸೊಸೆಗೆ ಜಗಳವೇನೂ ಇರಲಿಲ್ಲ. ಒಬ್ಬಳು ಗಂಜಿ ಬೇಯಿಸಿದರೆ ಇನ್ನೊಬ್ಬಳು ಮೀನು ತೊಳೆಯುತ್ತಿದ್ದಳು. ಅವನ ವಿಷಯ ಮಾತ್ರ ಇಬ್ಬರೂ ಎತ್ತುತ್ತಿರಲಿಲ್ಲ.

ಹೀಗೆ ಎರಡು ಮೂರು ವರ್ಷ ಕಳೆದ ಮೇಲೆ ಒಂದು ಶನಿವಾರ ಇಬ್ಬರೂ ಒಂದೇ ಫೆರಿಯಲ್ಲಿ ಬಂದು ನಮ್ಮ ಕಚೇರಿಯ ಒಂದೇ ಬೆಂಚಿನಲ್ಲಿ ಕೂತರು. ಸೊಸೆಗೆ ಗಂಡ ಸತ್ತನೆಂದು ಬೇಗ ಬರೆದುಕೊಡಬೇಕು. ಅತ್ತೆಗೆ ಮಗನನ್ನು ಹೊರದೇಶದ ಜೈಲುಗಳಲ್ಲಿ ಹುಡುಕಿಸಬೇಕು. ಸಂಸದರು ಇಬ್ಬರ ಮಾತನ್ನೂ ಕೇಳಿದರು. “ಯಾವ ದೇಶ ಅಂತ ಗೊತ್ತಿದ್ರೆ ಕೇಳ್ಬಹುದಿತ್ತು ಅಮ್ಮ” ಎಂದರು.

“ಅದು ನೀವು ಹುಡುಕ್ಬೇಕಲ್ಲ ಸಾರ್. ನಿಮಗೆ ದಿಲ್ಲಿ ಗೊತ್ತುಂಟು” ಎಂದಳು ಚಿಕ್ಕಮ್ಮ.

“ನೋಡುವ” ಎಂದು ಅವಳ ಕೈ ಹಿಡಿದುಕೊಂಡರು ಸಂಸದರು.

ಅತ್ತೆ ಸೊಸೆ ಮೆಟ್ಟಿಲಿಳಿದ ಮೇಲೆ ಸಂಸದರ ಕನ್ನಡಕ ಕೆಳಗಿಳಿಯಿತು. ಈ ಸಲ ಅವರು ಪ್ರಶ್ನೆ ಕೇಳಲಿಲ್ಲ, ಉತ್ತರವನ್ನೇ ಹೇಳಿದರು. “ಸೊಸೆಯದ್ದರಲ್ಲಿ ಪಾಲಿಸಿ ಉಂಟು. ಇಡೀ ದೇಶದ ಕರಾವಳಿಯ ಪ್ರಶ್ನೆ ಅದು. ತಾಯಿಯದ್ದು ಇಂಡಿವಿಜುವಲ್ ಕೇಸ್. ಪಾಪ.”

ಅವರು ಹೇಳಿದ್ದು ಸರಿಯೇ ಇತ್ತು. ನನಗೆ ಸಂತೋಷವೂ ಆಯಿತು. ಹೆದ್ದಾರಿ ಹೊಂಡಗಳ ಬಗ್ಗೆ ಬರೆದು ಬರೆದು ಬೇಸತ್ತ ಕೈಗೆ ಕೊನೆಗೊಮ್ಮೆ ಮನುಷ್ಯರ ವಿಷಯ ಸಿಕ್ಕಿತ್ತು. ಕಡಲಿನಲ್ಲಿ ಕಾಣೆಯಾದವರ ಕುಟುಂಬಗಳನ್ನು ಏಳು ವರ್ಷ ಕಾಯಿಸಬಾರದು ಎಂದು ಮನಸ್ಸಿಟ್ಟು ಬರೆದೆ. ಯಾರ ಹೆಸರನ್ನೂ ಹಾಕಲಿಲ್ಲ. ಚಳಿಗಾಲದ ಅಧಿವೇಶನದಲ್ಲಿ ಅದಕ್ಕೆ ಅವಕಾಶ ಸಿಕ್ಕಿತು. ದಿಲ್ಲಿಯ ಸಹಾಯಕ ಫೋನ್ ಮಾಡಿದ. ಬರೆದದ್ದು ಚೆನ್ನಾಗಿದೆ, ಆದರೆ ಒಣಗಿದ ಹಾಗಿದೆ, ಸ್ವಲ್ಪ ಮನ ಕಲಕುವಂಥದ್ದು ಬೇಕು ಎಂದ. ಯಾರ ಕೇಸು ಎಂದು ಕೇಳಿದ, ಬೆಂಗ್ರೆಯ ಒಬ್ಬ ಹುಡುಗನದ್ದು ಎಂದೆ. ಅವನಿಗೆ ತಾಯಿ ಇದ್ದಾರಾ ಎಂದು ಕೇಳಿದ. ಇದ್ದಾರೆ ಎಂದೆ. ವಯಸ್ಸಾಗಿದೆಯಾ, ಅಳ್ತಾರಾ ಎಂದು ಕೇಳಿದ. ಅಳುತ್ತಾರೆ ಎಂದೆ. ಸಾಕು ಎಂದು ಫೋನಿಟ್ಟ.

ಬೆಂಗ್ರೆಗೆ ನಾನೇ ಫೋನ್ ಮಾಡಿ ತಿಳಿಸಿದೆ. ಫೋನ್ ಎತ್ತಿದ್ದು ಚಿಕ್ಕಮ್ಮ. ನಾಳೆ ಮಧ್ಯಾಹ್ನದ ಹೊತ್ತಿಗೆ ಟಿವಿಯಲ್ಲಿ ಬರುತ್ತದೆ, ನಿಮ್ಮ ವಿಷಯ ಮಾತಾಡ್ತಾರೆ ಎಂದೆ. ನಿಮ್ಮ ವಿಷಯ ಅಂದರೆ ಆ ಮನೆಯ ವಿಷಯ ಎಂದು ನನ್ನ ಮನಸ್ಸಿನಲ್ಲಿತ್ತು. ಅವಳು ಬೇರೇನೂ ಕೇಳಲಿಲ್ಲ. “ನನಗೆ ಗೊತ್ತಿತ್ತು ಮಗಾ” ಎಂದಳು.

ಮರುದಿನ ರಜೆ ಹಾಕಿ ಹೋದೆ. ಫೆರಿ ಇಳಿಯುವಾಗಲೇ ಒಬ್ಬರು, “ಟಿವಿಗಾ ಹೊರಟದ್ದು?” ಎಂದು ಕೇಳಿದರು. ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ನೆರೆಕರೆಯವರ ಪ್ಲಾಸ್ಟಿಕ್ ಕುರ್ಚಿಗಳೆಲ್ಲ ಅಲ್ಲಿಗೆ ಬಂದಿದ್ದವು. ಚಿಕ್ಕಮ್ಮ ಒಳ್ಳೆ ಸೀರೆ ಉಟ್ಟಿದ್ದಳು. ಬೆಳಿಗ್ಗೆಯೇ ಬನ್ಸ್ ಕರಿದಿಟ್ಟು, ಒಲೆಯ ಮೇಲೆ ದೊಡ್ಡ ಪಾತ್ರೆಯಲ್ಲಿ ಚಹಾಕ್ಕೆ ಇಟ್ಟಿದ್ದಳು. ಎಲ್ಲರಿಗೂ ಒಂದೇ ಮಾತು: ಇವತ್ತು ಜೈಲಿನಲ್ಲಿ ಹುಡುಕಲಿಕ್ಕೆ ಹೇಳ್ತಾರೆ. ಸೊಸೆ ಬಾಗಿಲಿಗೆ ಒರಗಿ ನಿಂತಿದ್ದಳು. ಅವಳು ನನ್ನನ್ನು ನೋಡಿದಳು. ನಾನು ಫೋನಿನಲ್ಲಿ ಹೇಳಿದ್ದು ಚಿಕ್ಕಮ್ಮನಿಗೆ ಹೇಗೆ ಕೇಳಿಸಿತ್ತೆಂದು ಆಗ ತಿಳಿಯಿತು. ಅಷ್ಟರಲ್ಲಿ ಯಾರೋ ಸುಮ್ಮನಿರಿ ಎಂದರು, ಸಂಸದರು ಎದ್ದು ನಿಂತಿದ್ದರು.

ಇಂಗ್ಲಿಷಿನಲ್ಲಿ ಮಾತಾಡಿದರು, ಚೆನ್ನಾಗಿಯೇ ಮಾತಾಡಿದರು. ಮೊದಲ ಭಾಗ ನನ್ನದು. ಆಮೇಲೆ ನಾನು ಬರೆಯದ ಮಾತು ಬಂತು. ಬೆಂಗ್ರೆಯ ಒಬ್ಬ ಯುವಕ ಕಡಲಿನಲ್ಲಿ ಸತ್ತಿದ್ದಾನೆ, ಊರಿಗೆಲ್ಲ ಗೊತ್ತು, ಸರಕಾರಕ್ಕೆ ಮಾತ್ರ ಗೊತ್ತಿಲ್ಲ. ಅವನ ಮುದಿ ತಾಯಿ ಮಗನ ಮರಣ ಪ್ರಮಾಣಪತ್ರಕ್ಕಾಗಿ ಕಣ್ಣೀರಿಡುತ್ತಾ ಕಚೇರಿಯಿಂದ ಕಚೇರಿಗೆ ಅಲೆಯುತ್ತಿದ್ದಾಳೆ. ಸದನದಲ್ಲಿ ಎರಡೂ ಕಡೆಯವರು ಮೇಜು ತಟ್ಟಿದರು. ಹಾಗಾಗುವುದು ಅಪರೂಪ.

ಚಿಕ್ಕಮ್ಮನಿಗೆ ಅರ್ಥವಾದದ್ದು ಬೆಂಗ್ರೆ ಎಂಬ ಒಂದು ಶಬ್ದ. ಅದು ಬಂದಾಗ ಪಕ್ಕದವಳನ್ನು ಮೊಣಕೈಯಲ್ಲಿ ತಿವಿದಳು. ಮೇಜು ತಟ್ಟಿದಾಗ ಟಿವಿಗೆ ಕೈಮುಗಿದಳು. ಮುಖದ ತುಂಬ ನಗು. ಅವನು ಹೋದ ಮೇಲೆ ಆ ನಗುವನ್ನು ನಾನು ನೋಡಿರಲಿಲ್ಲ.

“ಎಂತ ಹೇಳಿದ್ರು?” ಎಂದು ಅವಳು ನೆರೆಮನೆಯ ಕಾಲೇಜು ಹುಡುಗಿಯನ್ನು ಕೇಳಿದಳು. ಹುಡುಗಿ ಬಗ್ಗಿ ತನ್ನ ಅಜ್ಜಿಯ ಕಿವಿಯಲ್ಲಿ ಏನೋ ಹೇಳಿದಳು. ಆ ಅಜ್ಜಿ ಎದ್ದು, ಯಾರ ಮುಖವನ್ನೂ ನೋಡದೆ ನೇರ ಅಡುಗೆಮನೆಗೆ ಹೋಗಿ ಒಲೆ ಆರಿಸಿದಳು.

ಸಾವಿನ ಮನೆಯಲ್ಲಿ ಒಲೆ ಉರಿಯಬಾರದು. ಸುದ್ದಿ ಬಂದ ಕೂಡಲೇ ನೆರೆಯವರು ಬಂದು ಆರಿಸುತ್ತಾರೆ, ಆಮೇಲೆ ಅವರ ಮನೆಗಳಿಂದಲೇ ಗಂಜಿ ಬರುತ್ತದೆ. ಅದು ನಮ್ಮವರ ಕ್ರಮ, ಯಾರೂ ಯಾರನ್ನೂ ಕೇಳುವುದಿಲ್ಲ. ಇಷ್ಟು ದೊಡ್ಡ ಜಾಗದಲ್ಲಿ ಹೇಳಿದ್ದಾರೆ ಅಂದರೆ ಸರಕಾರಕ್ಕೆ ಖಚಿತ ಸುದ್ದಿ ಬಂದಿದೆ ಎಂದೇ ಆ ಅಜ್ಜಿ ತಿಳಿದಳು. ಉಳಿದವರೂ ಹಾಗೆಯೇ ತಿಳಿದರು. ಒಬ್ಬರು ಟಿವಿ ಬಂದ್ ಮಾಡಿದರು. ಗಂಡಸರು ಕುರ್ಚಿಗಳನ್ನು ಎತ್ತಿ ಹೊರಗಿಟ್ಟು ಅಂಗಳದಲ್ಲಿ ನಿಂತರು. ಬನ್ಸಿನ ತಟ್ಟೆಯನ್ನು ಯಾರೋ ಒಳಗಿಟ್ಟರು.

ಚಿಕ್ಕಮ್ಮ ಅಡುಗೆಮನೆಗೆ ಹೋಗಿ ನೋಡಿದಳು. ಲೈಟರ್ ತೆಗೆದು ಒಲೆ ಹೊತ್ತಿಸಿದಳು. ಅಜ್ಜಿ ಮತ್ತೆ ಆರಿಸಿ ಅವಳ ಕೈ ಹಿಡಿದುಕೊಂಡಳು. ಕೈ ಕೊಸರಿಕೊಂಡು ಚಿಕ್ಕಮ್ಮ ನನ್ನ ಹತ್ತಿರ ಬಂದಳು.

“ಸಿಕ್ಕಿದನಾ? ಎಲ್ಲಿ ಸಿಕ್ಕಿದ? ನನ್ನನ್ನು ಕರ್ಕೊಂಡು ಹೋಗು ಮಗಾ, ಒಮ್ಮೆ ನೋಡ್ತೇನೆ.”

“ಸಿಕ್ಕಲಿಲ್ಲ ಚಿಕ್ಕಮ್ಮ.”

“ಸಿಕ್ಕದೆ ಅವರು ಹೇಗೆ ಹೇಳಿದ್ದು?”

ಪಾಲಿಸಿ ಎಂದು ಹೇಳಲೇ? ಅಂಗಳದಲ್ಲಿ ಜನ ತಲೆ ತಗ್ಗಿಸಿ ನಿಂತಿದ್ದರು. ಸೊಸೆ ಅತ್ತೆಯ ಕಾಲ ಹತ್ತಿರ ಕುಸಿದು ಕೂತು, “ಅದು ನಾನು ಕೇಳಿದ್ದು ಅತ್ತೆ, ಮನೆಗೆ ಬೇಕಾಗಿ” ಎಂದಳು. ಚಿಕ್ಕಮ್ಮ ಅವಳ ತಲೆಯ ಮೇಲೆ ಕೈಯಿಟ್ಟಳು. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಸಂಜೆಯೊಳಗೆ ಮೂರು ನಾಲ್ಕು ಮನೆಗಳಿಂದ ಗಂಜಿ ಬಂತು. ಮಗುವಿಗೆ ಹಸಿವಾಗಿತ್ತು, ಅದೊಂದು ಉಂಡಿತು.

ಆಮೇಲಿನದ್ದು ಹೇಳಲು ಹೆಚ್ಚೇನಿಲ್ಲ. ತಿಂಗಳುಗಳು ಕಳೆದ ಮೇಲೆ ದಿಲ್ಲಿಯ ಸರಕಾರದಿಂದ ಉತ್ತರ ಬಂತು. ಈಗಿರುವ ನಿಯಮಗಳೇ ಸಾಕು, ಮರಣದ ನೋಂದಣಿ ರಾಜ್ಯಕ್ಕೆ ಸೇರಿದ ಕೆಲಸ ಎಂದು ಅದರಲ್ಲಿತ್ತು. ಮರಣ ಪ್ರಮಾಣಪತ್ರ ಕೇಳಿದ್ದ ಅದೇ ಕಚೇರಿಗೆ ಸೊಸೆ ಮತ್ತೆ ಹೋದಳು. “ಪಾರ್ಲಿಮೆಂಟಲ್ಲಿ ಹೇಳಿದ್ದನ್ನು ಇಲ್ಲಿ ಎಂಟ್ರಿ ಮಾಡ್ಲಿಕ್ಕೆ ಆಗುದಿಲ್ಲ ಅಮ್ಮ” ಎಂದರಂತೆ. ಮನೆಯ ಮಾಡು ರಿಪೇರಿಯಾಗದೆ ಹಾಗೆಯೇ ಇತ್ತು. ಅವನು ಸತ್ತಿಲ್ಲ ಎಂದು ಹೇಳುತ್ತಿದ್ದವರು ಇಬ್ಬರು, ಸರಕಾರ ಮತ್ತು ಚಿಕ್ಕಮ್ಮ. ಸರಕಾರ ಹಟ ಬಿಡಲಿಲ್ಲ. ಚಿಕ್ಕಮ್ಮನನ್ನು ಮಾತ್ರ ಊರು ನಂಬಲಿಲ್ಲ. ಎಲ್ಲರೂ ಒಳ್ಳೆಯ ಮನಸ್ಸಿನಿಂದಲೇ ಅವಳಿಗೆ ಉತ್ತರಕ್ರಿಯೆ ಮಾಡಿಸು, ಅವನಿಗೆ ಸದ್ಗತಿಯಾಗಲಿ ಎಂದು ಹೇಳತೊಡಗಿದರು. ದಾರಿಯಲ್ಲಿ ಸುದ್ದಿ ಬಂತಾ ಎಂದು ಯಾರೂ ಕೇಳುತ್ತಿರಲಿಲ್ಲ. ಆ ಒಂದು ಪ್ರಶ್ನೆಯ ಮೇಲೆಯೇ ಅವಳು ಅಷ್ಟು ವರ್ಷ ಬದುಕಿದ್ದಳು ಎಂದು ನನಗೆ ಆಗ ತಿಳಿಯಿತು. ಜನ ಎದುರಾಗುವ ದಾರಿಯನ್ನೇ ಅವಳು ಬಿಟ್ಟಳು. ಮೀನು ತರಲೂ ಹೋಗುತ್ತಿರಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಬೆಂಗ್ರೆಯಲ್ಲಿ ಹೊಸ ಜೆಟ್ಟಿಗೆ ಶಂಕುಸ್ಥಾಪನೆ. ಸಂಸದರು ಬಂದರು, ಅವರ ಹಿಂದೆ ಪೆನ್ನು ಹಿಡಿದುಕೊಂಡು ನಾನು. ಶಾಲು ಹೊದೆಸಿದರು, ಭಾಷಣ ಮುಗಿಯಿತು. ಜನ ಮನವಿ ಹಿಡಿದು ಸುತ್ತುವರಿದರು. ಕುಡಿಯುವ ನೀರು, ತಡೆಗೋಡೆ, ರಸ್ತೆ. ಗುಂಪಿನ ನಡುವಿನಿಂದ ಚಿಕ್ಕಮ್ಮ ಬಂದಳು. ತುಂಬ ಇಳಿದುಹೋಗಿದ್ದಳು. ಹಿಂದೆ ನೆರೆಕರೆಯ ಹೆಂಗಸರು ನಾಲ್ಕಾರು ಮಂದಿ ಇದ್ದರು. ಏನು ಮಾಡುತ್ತಾಳೋ ಎಂಬ ಹೆದರಿಕೆಯಿಂದ ಬಂದವರು.

“ಸಾರ್, ನನ್ನ ಮಗ ಸತ್ತ ಅಂತ ಅಲ್ಲಿ ಹೇಳಿದ್ದು ನೀವಲ್ವಾ?” ಎಂದು ಕೇಳಿದಳು.

ಸಂಸದರಿಗೆ ನೆನಪಾಗಲು ಸ್ವಲ್ಪ ಹೊತ್ತು ಹಿಡಿಯಿತು. “ಹೌದಮ್ಮ, ನಾನೇ. ಎಲ್ಲ ಪಕ್ಷದವರೂ ಮೇಜು ತಟ್ಟಿದ್ರು” ಎಂದರು.

“ಇನ್ನೊಮ್ಮೆ ಅಲ್ಲಿಗೆ ಹೋಗುವಾಗ, ಸತ್ತಿಲ್ಲ ಅಂತ ಹೇಳಿ ಬನ್ನಿ. ಅಷ್ಟೇ ಸಾಕು. ಹುಡುಕುದು ಬೇಡ.”

ಸಂಸದರು ಅವಳ ಭುಜ ತಟ್ಟಿದರು. “ಆಯ್ತಮ್ಮ” ಎಂದು ನನ್ನ ಕಡೆ ತಿರುಗಿ, “ನೋಟ್ ಮಾಡ್ಕೊಳ್ಳಿ” ಎಂದರು. ಆಗಲೇ ಯಾರೋ ಅವರ ಕೈಗೆ ತಡೆಗೋಡೆಯ ಮನವಿ ಕೊಡುತ್ತಿದ್ದರು.

ನಾನು ಬರೆದುಕೊಂಡೆ. ಬರೆದು ಮುಗಿಯುವವರೆಗೂ ಚಿಕ್ಕಮ್ಮ ನನ್ನ ಕೈಯನ್ನೇ ನೋಡುತ್ತಾ ನಿಂತಿದ್ದಳು. ಆಮೇಲೆ ಹಿಂದೆ ನಿಂತಿದ್ದ ಹೆಂಗಸರ ಕಡೆ ತಿರುಗಿದಳು.

“ಹೇಳ್ತಾರಂತೆ” ಎಂದಳು.