ಬೂದಿ ಹಚ್ಚಿ ತೊಳೆದ ಕೈ

೧೯೪೩ರಲ್ಲಿ ನಾನು ಹೊಸಪೇಟೆಯಿಂದ ಕಂಪ್ಲಿಗೆ ಹೋಗುವ ರಸ್ತೆಯ ಪಕ್ಕದ ಒಂದು ಸಣ್ಣ ಕಾಗದದ ಗಿರಣಿಯಲ್ಲಿ ಕೆಮಿಸ್ಟ್ ಆಗಿದ್ದೆ. ಬಳ್ಳಾರಿ ಜಿಲ್ಲೆ ಆಗ ಮದರಾಸು ಪ್ರೆಸಿಡೆನ್ಸಿಗೆ ಸೇರಿತ್ತು. ಮದರಾಸಿನಲ್ಲಿ ರಸಾಯನಶಾಸ್ತ್ರ ಓದಿ ಬಂದ ನನಗೆ ಇಪ್ಪತ್ತಾರು ವರ್ಷ. ಬಾಗಿಲ ಮೇಲೆ ‘ಕೆಮಿಸ್ಟ್’ ಎಂಬ ಬೋರ್ಡು ದೊಡ್ಡದಾಗಿತ್ತು. ಒಳಗಿದ್ದದ್ದು ಒಂದು ಮೇಜು, ಒಂದು ಸ್ಪಿರಿಟ್ ದೀಪ, ಹನ್ನೆರಡು ಟೆಸ್ಟ್ ಟ್ಯೂಬು. ಆ ಗಿರಣಿಯಲ್ಲಿ ನಾನು ಹೆಮ್ಮೆಪಡುವಂಥ ಕೆಲಸವನ್ನೂ ಮಾಡಿದ್ದೇನೆ. ಇಲ್ಲಿ ಹೇಳಹೊರಟಿರುವುದು ಅದನ್ನಲ್ಲ. ನೆನೆದರೆ ಇಂದಿಗೂ ನನ್ನ ಮೇಲೆ ನನಗೇ ಹೇಸಿಗೆಯಾಗುವ ಕೆಲಸವನ್ನು.

ಕಂಪ್ಲಿ ಕಡೆಯ ಭತ್ತದ ಹುಲ್ಲು ಮತ್ತು ಹಳೆಯ ಗೋಣಿಚೀಲಗಳನ್ನು ಬೇಯಿಸಿ, ಅರೆದು, ನಾವು ತೆಳುವಾದ ಪೊಟ್ಟಣದ ಕಾಗದ ತಯಾರಿಸುತ್ತಿದ್ದೆವು. ಹಂಪಿಯ ಅಂಗಡಿಗಳಲ್ಲಿ ಕುಂಕುಮ, ವಿಭೂತಿ ಕಟ್ಟಿಕೊಡುತ್ತಿದ್ದದ್ದು ನಮ್ಮ ಕಾಗದದಲ್ಲೇ. ಕೊನೆಯ ಹಂತದಲ್ಲಿ ಇಪ್ಪತ್ತೆರಡು ಮಂದಿ ಹೆಂಗಸರು ಉದ್ದನೆಯ ಕೋಣೆಯಲ್ಲಿ ಸಾಲಾಗಿ ಕುಳಿತು ಒಂದೊಂದು ಹಾಳೆಯನ್ನೂ ತಿರುವಿ ನೋಡಿ, ಹರಕು, ಕಲೆ ಇದ್ದದ್ದನ್ನು ಬೇರೆ ಮಾಡುತ್ತಿದ್ದರು. ಆ ಸಾಲಿನಲ್ಲಿ ಎಲ್ಲರಿಗಿಂತ ಚುರುಕಾದ ಕೈ ಹುಲಿಗೆಮ್ಮನದು. ಹೊಳೆದಂಡೆಯವಳು. ಗಂಡ ಹರಗೋಲು ಹಾಕುತ್ತಿದ್ದವನು, ಉಬ್ಬಸ ಹತ್ತಿ ಮನೆ ಹಿಡಿದಿದ್ದ. ಇವಳ ದುಡಿಮೆಯ ಮೇಲೆ ಐದು ಹೊಟ್ಟೆಗಳಿದ್ದವು.

ಕಾಗದ ತೇವವನ್ನು ಹೀರದ ಹಾಗೆ ಅದಕ್ಕೆ ಒಂದು ಅಂಟು ಸೇರಿಸುತ್ತಾರೆ. ಅದಕ್ಕೆ ಸೈಜ್ ಎನ್ನುತ್ತಾರೆ. ನಾವು ಬಳಸುತ್ತಿದ್ದದ್ದು ರಾಳ. ಯುದ್ಧ ಬಂದ ಮೇಲೆ ರೈಲು ವ್ಯಾಗನ್ನುಗಳೆಲ್ಲ ಸೈನ್ಯದ ಸರಕಿಗೆ ಹೋಗಿ, ಉತ್ತರದಿಂದ ರಾಳ ಬರುವುದು ನಿಂತಿತು. ನಮ್ಮ ಮ್ಯಾನೇಜರು ಮುಂಬಯಿಯ ಒಬ್ಬ ದಲ್ಲಾಳಿಯಿಂದ ಒಂಬತ್ತು ಡ್ರಮ್ ಮೇಣದ ಸೈಜ್ ತರಿಸಿದರು. ಮೇಣ ನೀರಿನಲ್ಲಿ ಬೆರೆಯುವುದಿಲ್ಲ. ಬೆರೆಸಲು ಅದರಲ್ಲಿ ಅಮೀನ್ ಎಂಬ ರಾಸಾಯನಿಕ ಹಾಕಿದ್ದರು. ಅಮೀನ್ ಎಂದರೆ ಅಮೋನಿಯಾದ ಹತ್ತಿರದ ನೆಂಟ. ಒಳ್ಳೆಯ ಜಾತಿಯ ಅಮೀನುಗಳು ಹೆಚ್ಚು ನಾರುವುದಿಲ್ಲ, ಅಗ್ಗದವು ನಾರುತ್ತವೆ. ಅವುಗಳ ವಾಸನೆಯನ್ನು ನಮ್ಮ ಪಠ್ಯಪುಸ್ತಕದಲ್ಲಿ ಒಂದೇ ಮಾತಿನಲ್ಲಿ ಹೇಳಿತ್ತು: ಮೀನಿನಂಥದು. ಅದನ್ನು ಬಾಯಿಪಾಠ ಮಾಡಿ, ಪರೀಕ್ಷೆಯಲ್ಲಿ ಬರೆದು, ಪಾಸಾಗಿ ಬಂದವನು ನಾನು. ಡ್ರಮ್ ಬಂದ ದಿನ ಮುಚ್ಚಳ ತೆಗೆದು ನೋಡಿದೆ. ಹಾಲಿನಂತೆ ಬೆಳ್ಳಗಿತ್ತು. ಮೂಗಿಗೆ ವಿಶೇಷವೇನೂ ಅನಿಸಲಿಲ್ಲ. ‘ಬಳಸಬಹುದು’ ಎಂದು ಸಹಿ ಹಾಕಿದೆ.

ಒಂದು ತಿಂಗಳಾಗಿರಬಹುದು, ಹಂಪಿಯಿಂದ ಶಿವಲಿಂಗಪ್ಪನವರು ಬಂದರು. ಕುಂಕುಮ ವಿಭೂತಿಯ ದೊಡ್ಡ ವ್ಯಾಪಾರಿ, ನಮ್ಮ ಕಾಗದದ ದೊಡ್ಡ ಗಿರಾಕಿ. ಒಂದು ಪೊಟ್ಟಣವನ್ನು ಎರಡೇ ಬೆರಳಲ್ಲಿ ಹಿಡಿದು ಮ್ಯಾನೇಜರ ಮೇಜಿನ ಮೇಲೆ ಒಗೆದರು.

“ಏನ್ರೀ ಇದು? ವಿಭೂತಿ ಪೊಟ್ಟಣ ಬಿಚ್ಚಿದ್ರ ಮೀನಿನ ವಾಸನಿ! ದೇವರ ಮುಂದ ಹ್ಯಾಂಗ ಇಡಬೇಕ್ರಿ ಇದನ್ನ?”

ನಾನು ಮೂಸಿದೆ. ನಿಜವಾಗಿಯೂ ನಾರುತ್ತಿತ್ತು. ಗೋದಾಮಿಗೆ ಹೋಗಿ ಅದೇ ದಿನಗಳ ಕಾಗದ ತೆಗೆಸಿ ಮೂಸಿದೆ. ಏನೂ ಇಲ್ಲ. ಗಿರಣಿಯಲ್ಲಿ ನಾರದ ಕಾಗದ ಹಂಪಿಯಲ್ಲಿ ನಾರುವುದೇಕೆ ಎಂದು ಕೇಳಬೇಕಾದವನು ನಾನು. ಸಂಬಳ ಪಡೆಯುತ್ತಿದ್ದದ್ದೇ ಅದಕ್ಕೆ. ನಾನು ಕೇಳುವ ಮೊದಲೇ ಮ್ಯಾನೇಜರು ಉತ್ತರ ಕಂಡುಹಿಡಿದಿದ್ದರು.

“ಆರಿಸೋ ಹೆಂಗಸರಾಗ ಹೊಳಿ ಕಡೆಯವ್ರು ಅದಾರಲ್ಲ, ಒಣಮೀನ ತಿಂದು ಅದೇ ಕೈಲೆ ಕಾಗದ ಮುಟ್ತಾರ. ಇನ್ನೇನಾಗ್ತೈತಿ?”

ಶಿವಲಿಂಗಪ್ಪನವರು ಮುಖ ಸಿಂಡರಿಸಿ ತಲೆಯಾಡಿಸಿದರು. ನಾನೂ ಆಡಿಸಿದೆ. ಮಲಪನಗುಡಿಯ ಶೈವ ಮನೆತನದಲ್ಲಿ ಹುಟ್ಟಿದವನು ನಾನು. ಮೀನು ಎಂದರೆ ನನ್ನ ಪಾಲಿಗೆ ಸಂತೆಯ ಆ ಮೂಲೆಯನ್ನು ಮೂಗು ಮುಚ್ಚಿಕೊಂಡು ದಾಟುವುದಷ್ಟೇ. ಅದರ ವಾಸನೆ ನಿಜವಾಗಿ ಹೇಗಿರುತ್ತದೆಂದು ನನ್ನ ಮೂಗಿಗೆ ಗೊತ್ತೇ ಇರಲಿಲ್ಲ.

ಮರುದಿನದಿಂದ ಎರಡು ಆಜ್ಞೆಗಳು ಜಾರಿಗೆ ಬಂದವು. ಬೆಳಿಗ್ಗೆ ಗೇಟಿನಲ್ಲೇ ಹೆಂಗಸರೆಲ್ಲ ಕೈಗೆ ಒಲೆಯ ಬೂದಿ ಹಚ್ಚಿ ತಿಕ್ಕಿ ತೊಳೆದುಕೊಂಡು ಒಳಗೆ ಬರಬೇಕು. ಹತ್ತು ಗಂಟೆಗೆ, ಕೆಲಸದ ನಡುವೆ, ಕೆಮಿಸ್ಟು ಸಾಲಿನುದ್ದಕ್ಕೂ ನಡೆದು ಒಬ್ಬೊಬ್ಬರ ಕೈಯನ್ನೂ ಮೂಸಿ ಪಟ್ಟಿ ಬರೆಯಬೇಕು.

ಹೌದು, ಮೂಸಬೇಕು. ನಾನು ಮೂಸಿದೆ. ಹನ್ನೊಂದು ದಿನ ಮೂಸಿದೆ. ನನ್ನ ತಾಯಿಯ ವಯಸ್ಸಿನವರೂ ಇದ್ದ ಆ ಸಾಲಿನಲ್ಲಿ ಹೆಂಗಸರು ಎರಡೂ ಅಂಗೈ ಮುಂದೆ ಚಾಚಿ ಬೇರೆ ಕಡೆ ಮುಖ ತಿರುಗಿಸಿ ನಿಲ್ಲುವರು. ನಾನು ಬಲಗೈಯಲ್ಲಿ ಪೆನ್ಸಿಲ್, ಎಡಗೈಯಲ್ಲಿ ಕರವಸ್ತ್ರ ಹಿಡಿದು ಬಗ್ಗುವೆನು. ಒಬ್ಬ ಮುದುಕಿಯ ಕೈ ನಡುಗುತ್ತಿತ್ತು. ‘ಅಲ್ಲಾಡಿಸಬೇಡ’ ಎಂದು ನಾನು ಗದರಿದ್ದು ನೆನಪಿದೆ. ಥೂ.

ವಿಚಿತ್ರವೆಂದರೆ ಕೆಲವರ ಕೈಯಲ್ಲಿ ನಿಜವಾಗಿಯೂ ಆ ವಾಸನೆ ಇತ್ತು. ಎಲ್ಲರಿಗಿಂತ ಜೋರಾಗಿ ಇದ್ದದ್ದು ಹುಲಿಗೆಮ್ಮನ ಕೈಯಲ್ಲಿ. ಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ ಮೊದಲ ದಿನ ‘ಹೌದು’ ಎಂದು ಬರೆದೆ. ಎರಡನೆಯ ದಿನವೂ ‘ಹೌದು’. ಪಾಪ, ಅವಳು ಮೂರನೆಯ ದಿನ ಚರ್ಮ ಕೆಂಪಾಗುವಷ್ಟು ತಿಕ್ಕಿಕೊಂಡು ಬಂದಿದ್ದಳು. ಉಗುರಿನ ಸಂದಿಯಲ್ಲೆಲ್ಲ ಬೂದಿ ಕೂತಿತ್ತು. ಅವತ್ತು ವಾಸನೆ ಇನ್ನೂ ಹೆಚ್ಚಾಗಿತ್ತು. ಅರೆಮನಸ್ಸಿನಿಂದ ಕೈ ಒದ್ದೆ ಮಾಡಿಕೊಂಡು ಬಂದ ಸೋಮಾರಿಗಳ ಕೈಯಲ್ಲಿ ಏನೂ ಇರಲಿಲ್ಲ.

ಹನ್ನೊಂದನೆಯ ದಿನ, ನಾನು ಮತ್ತೆ ‘ಹೌದು’ ಎಂದು ಬರೆಯುತ್ತಿದ್ದಂತೆ, ಹುಲಿಗೆಮ್ಮ ಕೈ ಹಿಂದಕ್ಕೆಳೆದುಕೊಂಡು ನೇರವಾಗಿ ನನ್ನನ್ನು ನೋಡಿದಳು.

“ಸಾಹೇಬ್ರ, ನಾ ಮೀನ ತಿನ್ನಾಕಿ, ಸುಳ್ಳು ಹೇಳಂಗಿಲ್ಲ. ಮೀನಿನ ವಾಸನಿ ನನಗ ಗೊತ್ತೈತ್ರಿ. ಇದು ಅದಲ್ಲ. ಇದು ಮೂಗಿನಾಗ ಚುಚ್ತೈತಿ, ಒಣಮೀನ ಹಿಂಗ ಚುಚ್ಚಂಗಿಲ್ಲ. ಮನಿಯಿಂದ ಬರೂವಾಗ ಇರಂಗಿಲ್ರಿ. ಬೂದಿ ಹಚ್ಚಿ ತೊಳಕೊಂಡು ಕಾಗದ ಮುಟ್ಟಿದ ಮ್ಯಾಲೇ ಬರ್ತೈತಿ.”

ಒಬ್ಬ ಕೆಮಿಸ್ಟಿಗೆ ಬೇಕಾದದ್ದೆಲ್ಲ ಆ ಮಾತಿನಲ್ಲಿತ್ತು. ಬೂದಿ, ನೀರು, ಕಾಗದ. ಯಾವಾಗ ಇಲ್ಲ, ಯಾವಾಗ ಇದೆ. ನನ್ನ ಪ್ರೊಫೆಸರು ಇಷ್ಟು ಅಚ್ಚುಕಟ್ಟಾಗಿ ಹೇಳುತ್ತಿರಲಿಲ್ಲ. ನಾನು ಅವಳಿಗೆ ಕೊಟ್ಟ ಉತ್ತರ ಇದು:

“ಹಂಗಾದ್ರ ಇನ್ನೂ ಚೆಂದಾಗಿ ತೊಳಕೋ.”

ಹಿಂದೆ ನಿಂತಿದ್ದ ಮ್ಯಾನೇಜರು, “ತಪ್ಪು ಮಾಡಿದ್ದಲ್ಲದ ಬಾಯಿ ಬ್ಯಾರೆ ಮಾಡ್ತಾಳ,” ಎಂದರು. ಆ ಸಂಜೆ ನನ್ನ ಪಟ್ಟಿಯನ್ನು ಮುಂದಿಟ್ಟುಕೊಂಡು ಹುಲಿಗೆಮ್ಮನನ್ನೂ ಇನ್ನು ಮೂವರನ್ನೂ ಕೆಲಸದಿಂದ ತೆಗೆದರು. ನಾಲ್ವರೂ ಹೊಳೆದಂಡೆಯವರು. ಹಂಪಿಗೆ ಹೇಳಿಕಳಿಸಿದರು: ಹೊಲಸು ಕೈಗಳನ್ನು ಹೊರಗೆ ಹಾಕಿದ್ದೇವೆ, ಇನ್ನು ನಿಶ್ಚಿಂತೆಯಿಂದಿರಿ.

ಮುಂದಿನ ಸೋಮವಾರ ನನಗೆ ರಜೆ. ಕಾಗದದ ದಪ್ಪ ಅಳೆಯಲೆಂದು ಕೆಲವು ಹಾಳೆಗಳನ್ನು ಮನೆಗೆ ತಂದಿದ್ದೆ. ಸ್ನಾನ ಮಾಡಿ, ವಿಭೂತಿ ಗಟ್ಟಿಯನ್ನು ನೀರಲ್ಲಿ ತೇಯ್ದು ಮೂರು ಬೆರಳಿಂದ ಹಣೆಗೆ ಹಚ್ಚಿಕೊಂಡು, ಅದೇ ಒದ್ದೆ ಬೆರಳಲ್ಲಿ ಹಾಳೆಗಳನ್ನು ಎಣಿಸುತ್ತ ದೇವರ ಜಗಲಿಯ ಮುಂದೆ ಕುಳಿತಿದ್ದೆ. ಹೂವು ತಂದ ಅವ್ವ ಅಲ್ಲೇ ನಿಂತುಬಿಟ್ಟಳು.

“ಲೇ, ಎಲ್ಲಿ ಮೀನ ಮುಟ್ಟಿ ಬಂದೀಯೋ? ಜಗಲಿ ಮುಂದ ಬ್ಯಾರೆ ಕುಂತಿ! ಏಳು, ಮದಲ ಏಳು!”

ನನ್ನ ಬೆರಳನ್ನು ನಾನೇ ಮೂಸಿದೆ. ಅದೇ ವಾಸನೆ. ಹುಲಿಗೆಮ್ಮನ ಕೈಯ ವಾಸನೆ, ನನ್ನ ಕೈಯಲ್ಲಿ. ಹಣೆಯ ಮೇಲೆ ವಿಭೂತಿ, ಬೆರಳಲ್ಲಿ ವಿಭೂತಿ. ವಿಭೂತಿ ಎಂದರೂ ಬೂದಿಯೇ ಅಲ್ಲವೇ? ಅವಳು ಹೇಳಿದ್ದ ಒಂದೊಂದು ಮಾತೂ ಕಿವಿಗೆ ಬಂದು ಬಡಿಯಿತು. ಊಟ ಮಾಡದೆ ಸೈಕಲ್ ಹತ್ತಿ ಗಿರಣಿಗೆ ಹೋದೆ.

ಗುಟ್ಟು ಇಷ್ಟೇ. ಕಾಗದ ತಯಾರಿಸುವಾಗ ಸೈಜ್ ಅಂಟಿಕೊಳ್ಳಲೆಂದು ಪಟಿಕ ಹಾಕುತ್ತೇವೆ. ಪಟಿಕದಿಂದ ಕಾಗದಕ್ಕೆ ಆಮ್ಲದ ಗುಣ ಬರುತ್ತದೆ. ಆಮ್ಲ ಸಿಕ್ಕಿದರೆ ಅಮೀನ್ ಅದರೊಡನೆ ಸೇರಿ ಉಪ್ಪಾಗಿ, ವಾಸನೆಯಿಲ್ಲದೆ ಕಾಗದದೊಳಗೆ ಮಲಗಿರುತ್ತದೆ. ಡ್ರಮ್ಮಿನಲ್ಲೂ ಅದು ಇನ್ನೊಂದು ಆಮ್ಲದೊಡನೆ ಸೇರಿ ಹಾಗೆಯೇ ಮಲಗಿತ್ತು. ಅದಕ್ಕೆ ಕ್ಷಾರ ತಗುಲಿದರೆ, ಅಂದರೆ ತೇವದ ಬೂದಿ, ಸುಣ್ಣ, ವಿಭೂತಿ ಯಾವುದೇ ಆಗಲಿ, ಅಮೀನ್ ಬಿಡುಗಡೆಯಾಗಿ ಗಾಳಿಗೆ ಬರುತ್ತದೆ. ಮೂರು ಹಾಳೆ ತೆಗೆದುಕೊಂಡೆ. ಒಂದಕ್ಕೆ ಬರಿ ನೀರು, ಒಂದಕ್ಕೆ ಹುಣಸೆ ನೀರು, ಒಂದಕ್ಕೆ ಸುಣ್ಣದ ನೀರು. ಮೊದಲೆರಡೂ ಸುಮ್ಮನಿದ್ದವು. ಮೂರನೆಯದು ನಾರಿತು. ಡ್ರಮ್ಮಿನಿಂದ ಒಂದು ಚಮಚ ತೆಗೆದು ಸುಣ್ಣ ಬೆರೆಸಿದೆ. ಕಣ್ಣಲ್ಲಿ ನೀರು ಬಂದು, ಕಿಟಕಿಗೆ ತಲೆ ಹಾಕಿ ವಾಂತಿ ಮಾಡಿದೆ. ಒಟ್ಟು ಹತ್ತು ನಿಮಿಷದ ಕೆಲಸ. ಹನ್ನೊಂದು ದಿನ ಕೈ ಮೂಸುವ ಬದಲು ಡ್ರಮ್ಮಿನದಕ್ಕೆ ಸುಣ್ಣ ಬೆರೆಸಿ ಆ ಹತ್ತು ನಿಮಿಷ ಮೂಸಿದ್ದರೆ ಸಾಕಿತ್ತು. ಕೈ ಶುಚಿಯಾಗಲಿ ಎಂದು ನಾವೇ ಹಚ್ಚಿಸಿದ ಬೂದಿ ಅವರ ಕೈಯನ್ನು ನಾರಿಸಿತ್ತು. ಹೆಚ್ಚು ತಿಕ್ಕಿದವಳೇ ಹೆಚ್ಚು ನಾರಿದ್ದಳು.

ಮ್ಯಾನೇಜರ ಮುಂದೆ ಮೂರೂ ಹಾಳೆ ಇಟ್ಟು ತೋರಿಸಿದೆ. ದಡ್ಡರಲ್ಲ ಅವರು, ಕೂಡಲೇ ಅರ್ಥವಾಯಿತು. ಉಳಿದ ಡ್ರಮ್ಮುಗಳನ್ನು ಅಂದೇ ಬೇರೆ ಕಡೆ ಇಡಿಸಿದರು. ಅಷ್ಟರಲ್ಲಿ ಸ್ವಲ್ಪ ರಾಳವೂ ಬಂದಿತ್ತು. ಹೊಸ ಕಾಗದ ಹಂಪಿಗೆ ಹೋಯಿತು, ವಾಸನೆ ನಿಂತಿತು. ಶಿವಲಿಂಗಪ್ಪನವರು ಹಣ್ಣಿನ ಬುಟ್ಟಿ ಕಳಿಸಿ, ಆ ಹೆಂಗಸರನ್ನು ತೆಗೆದದ್ದು ಒಳ್ಳೆಯದಾಯಿತು ಎಂದು ಹೇಳಿಸಿದರು. ಊರೆಲ್ಲ ಅದನ್ನೇ ಆಡಿಕೊಂಡಿತು. ಹೆಂಗಸರು ಹೋದರು, ವಾಸನೆ ಹೋಯಿತು. ಇದಕ್ಕಿಂತ ದೊಡ್ಡ ಸಾಕ್ಷಿ ಯಾರಿಗೆ ಬೇಕು?

ನಾಲ್ವರನ್ನೂ ವಾಪಸು ಕರೆಯಿರಿ ಎಂದೆ. ಮ್ಯಾನೇಜರು ಬುಟ್ಟಿಯಿಂದ ಒಂದು ಬಾಳೆಹಣ್ಣು ಸುಲಿಯುತ್ತಿದ್ದರು.

“ಡ್ರಮ್ಮಿನ ವಿಷಯ ಹೊರಗ ಬಿದ್ರ ಗಿರಣಿ ಮರ್ಯಾದಿ ಹೋಗ್ತೈತಿ, ನಿಮ್ಮ ಸಹಿನೂ ಐತಿ ಅದರಾಗ. ತಪ್ಪು ಹೆಂಗಸರ ಮ್ಯಾಲೇ ಇದ್ರ ಏನಾಗ್ತೈತ್ರಿ? ಏನೂ ಆಗಂಗಿಲ್ಲ. ತಗೋರಿ, ಹಣ್ಣು ತಿನ್ರಿ.”

ಎದ್ದು ಬಂದೆ. ಶಿವಲಿಂಗಪ್ಪನವರಿಗಾದರೂ ನಿಜ ತಿಳಿಯಲೆಂದು ಒಂದಷ್ಟು ಹಳೆಯ ಹಾಳೆ ಹಿಡಿದುಕೊಂಡು ಹಂಪಿಗೆ ಹೋದೆ. ಅವರದೇ ಅಂಗಡಿಯ ವಿಭೂತಿಯನ್ನು ಒದ್ದೆ ಮಾಡಿ ಹಾಳೆಗೆ ಸವರಿ ಮೂಗಿನ ಬಳಿ ಹಿಡಿದೆ. ಇಡೀ ವಿಷಯ ಬಿಡಿಸಿ ಹೇಳಿದೆ. ಅವರು ಸಾವಧಾನವಾಗಿ ಕೇಳಿದರು, ಎರಡು ಸಲ ಮೂಸಿದರು.

“ಖರೆ ಐತ್ರಿ. ತಪ್ಪು ನಿಮ್ಮ ಡ್ರಮ್ಮಿಂದ. ನನಗ ತಿಳೀತು,” ಎಂದರು. ಆಮೇಲೆ ಕೈ ಒರೆಸಿಕೊಳ್ಳುತ್ತ, “ಆದ್ರೂ ಅವ್ರನ್ನ ಮತ್ತ ತಗೋಬ್ಯಾಡ್ರಿ. ಒಮ್ಮಿ ಮನಸಿನ್ಯಾಗ ಬಂದ ಮ್ಯಾಲೆ ಹೋಗಂಗಿಲ್ಲ,” ಎಂದರು.

ಅಮೀನ್ ವಾಸನೆಗೆ ವಾಂತಿ ಮಾಡಿದವನು ನಾನು. ಆ ಮಾತಿನ ಮುಂದೆ ಅದು ಏನೂ ಅಲ್ಲ. ಅಮೀನಿಗೆ ಹುಣಸೆ ನೀರು ಹಾಕಿದರೆ ಅಡಗುತ್ತದೆ. ಇದಕ್ಕೆ ಏನು ಹಾಕಬೇಕೆಂದು ನನ್ನ ಯಾವ ಪುಸ್ತಕದಲ್ಲೂ ಇರಲಿಲ್ಲ.

ಹುಲಿಗೆಮ್ಮ ಸಂಡೂರು ಸಂಸ್ಥಾನದ ಕಡೆ ಹೋಗಿದ್ದಾಳೆಂದು ತಿಳಿಯಿತು. ಹುಡುಕಿಕೊಂಡು ಹೋದೆ. ಯಶವಂತನಗರದ ಹತ್ತಿರ ಮ್ಯಾಂಗನೀಸ್ ಅದಿರು ಹೊರುವ ಸಾಲಿನಲ್ಲಿ ಸಿಕ್ಕಳು. ತಲೆಯಿಂದ ಕಾಲಿನವರೆಗೆ ಕಪ್ಪು ಧೂಳು. ಹಾಳೆ ತಿರುವುತ್ತಿದ್ದ ಆ ಬೆರಳುಗಳ ತುದಿ ಒಡೆದು, ಹರಕು ಬಟ್ಟೆ ಸುತ್ತಿಕೊಂಡಿದ್ದಳು. ತಪ್ಪು ಅವಳದಲ್ಲ, ಡ್ರಮ್ಮಿನದು, ಬೂದಿಯದು ಎಂದು ತೊದಲುತ್ತ ಹೇಳಿದೆ. ಅವಳು ಬುಟ್ಟಿ ಕೆಳಗಿಡದೆಯೇ ಕೇಳಿದಳು.

“ಅದು ನನಗ ಆವಾಗ್ಲೇ ಗೊತ್ತಿತ್ತಲ್ರಿ. ನಾನ ನಿಮಗ ಹೇಳಿದ್ದೆ. ಊರಾಗ ಹೇಳ್ರಿ, ನನಗ್ಯಾಕ ಹೇಳಾಕ ಬಂದ್ರಿ?”

ಅವಳು ಬುಟ್ಟಿ ಇಳಿಸಿ, ಗಿರಣಿಯ ಸಾಲಿನಲ್ಲಿ ನಿಲ್ಲುತ್ತಿದ್ದಂತೆಯೇ ನಿಂತು, ಎರಡೂ ಅಂಗೈಗಳನ್ನು ನನ್ನ ಮುಂದೆ ಚಾಚಿದಳು. ಈ ಸಲ ಮುಖ ತಿರುಗಿಸಲಿಲ್ಲ.

“ನೋಡ್ರಿ. ಈಗೇನ ವಾಸನಿ ಬರ್ತೈತಿ, ಹೇಳ್ರಿ.”

ಆಮೇಲೆ ಬುಟ್ಟಿ ತಲೆಗೇರಿಸಿಕೊಂಡು ಸಾಲಿಗೆ ಸೇರಿಕೊಂಡಳು.

ನಾನು ರಾಜೀನಾಮೆ ಕೊಟ್ಟು ಬಂದೆ ಎಂದು ಬರೆದರೆ ಓದುವವರಿಗೆ ಹಿತವಾಗಬಹುದು. ಕೊಡಲಿಲ್ಲ. ಇನ್ನೂ ಹತ್ತು ತಿಂಗಳು ಅದೇ ಗಿರಣಿಯಲ್ಲಿ ಸಂಬಳ ಎಣಿಸಿದೆ. ಊರಲ್ಲಿ ಒಬ್ಬಿಬ್ಬರಿಗೆ ನಿಜ ಹೇಳಿದೆ; ಅವರು ನಕ್ಕರು, ನಾನು ಸುಮ್ಮನಾದೆ. ಆಮೇಲೆ ಬೇರೆ ಬೇರೆ ಕಾರ್ಖಾನೆಗಳಲ್ಲಿ ಬಹಳ ವರ್ಷ ದುಡಿದೆ. ಎಲ್ಲಿ ಏನೇ ದೂರು ಬಂದರೂ, ಸೀಸೆ ಮುಟ್ಟುವ ಮೊದಲು ಆ ಜಾಗದಲ್ಲಿ ಕೈಯಾರೆ ಕೆಲಸ ಮಾಡುವವರನ್ನು ಕೇಳಿ, ಅವರ ಮಾತನ್ನು ಅವರು ಹೇಳಿದಂತೆಯೇ ಬರೆದುಕೊಳ್ಳುತ್ತಿದ್ದೆ. ವೃತ್ತಿ ನನಗೆ ಕಲಿಸಿದ ಪಾಠ ಅದು. ಆ ಪಾಠಕ್ಕೆ ಬೆಲೆ ತೆತ್ತವಳು ಮಾತ್ರ ಬೇರೆ.

ಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ ನನ್ನ ಕೈಬರಹದಲ್ಲಿ ಹನ್ನೊಂದು ಸಲ ‘ಹೌದು’ ಎಂದಿತ್ತು. ಅದನ್ನು ತಿದ್ದಲು ನನಗೆ ಉಳಿದಿರುವುದು ಈ ಬರಹವೊಂದೇ. ಊರಲ್ಲಿ ಹೇಳಿ ಎಂದಿದ್ದಳು, ಹೇಳುತ್ತಿದ್ದೇನೆ. ಹುಲಿಗೆಮ್ಮನ ಕೈಯಲ್ಲಿ ಮೀನಿನ ವಾಸನೆ ಇರಲಿಲ್ಲ. ಇದ್ದಿದ್ದರೂ ಅದನ್ನು ಮೂಸುವ ಹಕ್ಕು ನನಗಿರಲಿಲ್ಲ.