ಚಪ್ಪಡಿಯ ಕೆಳಗಿನ ಪ್ಲಗ್ಗು

ಈಗಲೂ ಯಾರದಾದರೂ ಅಡುಗೆಮನೆಯಲ್ಲಿ ಕಟ್ಟೆಯ ಅಂಚಿನಿಂದ ವೈರು ಜೋತುಬಿದ್ದಿದ್ದರೆ ನನ್ನ ಕೈ ಸುಮ್ಮನಿರುವುದಿಲ್ಲ. ಕಿತ್ತು ಎಸೆಯುತ್ತೇನೆ. ಆ ಮನೆಯವರು ಏನು ಬೇಕಾದರೂ ಅಂದುಕೊಳ್ಳಲಿ.

ಹಲಸೂರಿನ ನಮ್ಮ ಅಡುಗೆಮನೆಯ ನಡುವಿಗೆ ಚಾಚಿಕೊಂಡ ಒಂದು ಕಲ್ಲು ಚಪ್ಪಡಿಯಿತ್ತು. ಒಂದು ತುದಿ ಗೋಡೆಗೆ ಸೇರಿತ್ತು, ಇನ್ನೊಂದು ಇಟ್ಟಿಗೆ ಕಂಬದ ಮೇಲೆ ಕೂತಿತ್ತು. ನನ್ನ ಗಂಡ ದಂಡಿನ ಬಿಳಿ ಸಾಹೇಬರ ಮೆಸ್ಸಿನಲ್ಲಿ ಉಗ್ರಾಣ ನೋಡಿಕೊಳ್ಳುತ್ತಿದ್ದರು. ಅಲ್ಲಿ ಕಂಡದ್ದನ್ನು ಮನೆಯಲ್ಲೂ ಕಟ್ಟಿಸಿದ್ದರು. ಬಾಣಸವಾಡಿಯ ಹೊಲದ ಮನೆಯಿಂದ ಬಂದ ನನಗೆ ನಿಂತು ಅಡುಗೆ ಮಾಡುವುದೇ ಹೊಸದು. ಮೊದಮೊದಲು ಆ ಚಪ್ಪಡಿ ನನಗೂ ಇಷ್ಟವಾಗಿತ್ತು, ಸುಳ್ಳು ಯಾಕೆ ಹೇಳಲಿ.

ಯುದ್ಧ ಮುಗಿದು ಸಾಹೇಬರೆಲ್ಲ ಊರಿಗೆ ಹೊರಟಾಗ ಇವರು ಮೆಸ್ಸಿನಿಂದ ಒಂದು ಕರೆಂಟ್ ಕೆಟಲ್ ತಂದರು. ಅದಕ್ಕೊಂದು ಪ್ಲಗ್ಗು ಬೇಕಾಯಿತು. ಚಪ್ಪಡಿಯ ಮೇಲಿನ ಗೋಡೆಗೆ ಹಾಕಿಸೋಣವೆಂದರೆ, ಅತ್ತೆ ಬೆಳಿಗ್ಗೆ ಸಂಜೆ ಬಿಂದಿಗೆಗಟ್ಟಲೆ ನೀರು ಎರಚಿ ಕಲ್ಲನ್ನೂ ಗೋಡೆಯನ್ನೂ ತಿಕ್ಕಿ ತೊಳೆಯುತ್ತಿದ್ದರು. ತೊಳೆಯದ ಕಲ್ಲಿನ ಮೇಲೆ ಅವರು ಒಂದು ಬದನೆಕಾಯಿ ಕೂಡ ಹೆಚ್ಚುತ್ತಿರಲಿಲ್ಲ. ನೀರು ತಗಲಬಾರದೆಂದು ಇವರು ಪ್ಲಗ್ಗನ್ನು ಚಪ್ಪಡಿಯ ಕೆಳಗೆ, ಆ ಇಟ್ಟಿಗೆ ಕಂಬಕ್ಕೆ ಹಾಕಲು ಹೇಳಿದರು.

ನನ್ನ ಮಗಳು ಆಗತಾನೇ ಗೋಡೆ ಹಿಡಿದು ನಡೆಯುತ್ತಿದ್ದಳು. ಸೆರಗು, ಜಡೆ, ಟವಲು, ಜೋತುಬಿದ್ದದ್ದೆಲ್ಲ ಅವಳಿಗೆ ಎಳೆಯಲೇಬೇಕು. ವೈರು ಚಪ್ಪಡಿಯ ಅಂಚಿನಿಂದ ಜೋಲುತ್ತದೆ, ಮಗು ಎಳೆದುಬಿಡುತ್ತದೆ, ಮೇಲೇ ಹಾಕಿಸಿ, ಗೋಡೆಯನ್ನು ನಾನು ಬಟ್ಟೆಯಲ್ಲಿ ಒರೆಸುತ್ತೇನೆ ಎಂದೆ. ತೊಳೆಯುವ ಗೋಡೆಯನ್ನು ಒರೆಸುವುದೇ ಎಂದು ಅತ್ತೆ ಮುಖ ತಿರುಗಿಸಿದರು. ಒಲೆ ಊದುವವಳಿಗೆ ಕರೆಂಟಿನ ಉಸಾಬರಿ ಯಾಕೆ ಎಂದು ಇವರು ಗದರಿದರು. ವೈರ್‌ಮನ್ ಯಜಮಾನರು ಹೇಳಿದ ಕಡೆಯೇ ಉಳಿ ಹೊಡೆದ.

ಅವತ್ತು ನಾನು ಒಲೆಯ ಕಡೆ ತಿರುಗಿ ಮುದ್ದೆ ತಿರುವುತ್ತಿದ್ದೆ. ಹಿಂದೆ ಕೆಟಲ್ ಕೊತಕೊತ ಕುದಿಯುತ್ತಿತ್ತು. ಧಡಾರೆಂದಿತು. ತಿರುಗಿದರೆ ವೈರು ಮಗುವಿನ ಮುಷ್ಟಿಯಲ್ಲಿ, ಕುದಿನೀರು ಅವಳ ಕತ್ತಿನಿಂದ ಎದೆಗೆ ಇಳಿದಿತ್ತು. ಅಂಗಿ ಬಿಚ್ಚಿದೆ, ಚರ್ಮವೂ ಜೊತೆಗೇ ಬಂತು. ಅವಳ ಬಾಯಿ ತೆರೆದಿತ್ತು, ಅಳು ಬರಲಿಲ್ಲ. ಆಮೇಲೆ ಕೂಗಿದಳು ನೋಡಿ, ಇಡೀ ಬೀದಿ ನಮ್ಮ ಮನೆಯೊಳಗೆ ಬಂತು.

ಆಸ್ಪತ್ರೆಯ ಜಗಲಿಯಲ್ಲಿ ಇವರು ನನ್ನ ಕೆನ್ನೆಗೆ ಬಾರಿಸಿದರು. ಕಣ್ಣು ಎಲ್ಲಿಟ್ಟಿದ್ದೆ ಎನ್ನುತ್ತ ಮತ್ತೂ ಬಾರಿಸಿದರು. ತುಟಿ ಒಡೆಯಿತು. ನಾನೂ ಬಿಡಲಿಲ್ಲ, ಕಾಲರ್ ಹಿಡಿದು ಅವರ ಕತ್ತು ರಕ್ತ ಬರುವಂತೆ ಪರಚಿದೆ. ನರ್ಸಮ್ಮ ಬಂದು ಬಿಡಿಸಿದಳು. ಅತ್ತೆ ಮಗುವಿನ ಪಾದ ಹಿಡಿದು ಕೂತಿದ್ದರು.

ಮಗು ಬದುಕಿತು. ಆದರೆ ಚರ್ಮ ಸೇದಿಕೊಂಡು ಕತ್ತು ಎಡಕ್ಕೆ ತಿರುಗದಂತಾಯಿತು. ಅವಳನ್ನು ಮನೆಗೆ ತಂದ ಮಾರನೆಯ ದಿನವೇ ಇವರು ಅದೇ ವೈರ್‌ಮನ್ನನ್ನು ಕರೆಸಿ, ಕೆಟಲಿನ ಜೊತೆ ಕಿತ್ತುಬಂದಿದ್ದ ಪ್ಲಗ್ಗನ್ನು ಅದೇ ಕಂಬಕ್ಕೆ ಹಾಕಿಸಿದರು. ಕೆಟಲ್ ಚೆನ್ನಾಗೇ ಇದೆಯಲ್ಲ, ಇನ್ನಾದರೂ ನೆಟ್ಟಗೆ ನೋಡಿಕೋ ಎಂದರು.

ಪಿತ್ತ ನೆತ್ತಿಗೇರಿತು. ಹಿತ್ತಲಿನಿಂದ ಹಾರೆ ತಂದು ಕಂಬಕ್ಕೆ ಇಕ್ಕಿದೆ. ಇಟ್ಟಿಗೆ ಚೂರು ಸಿಡಿದು ಪಾತ್ರೆಗಳ ಮೇಲೆ ಬಿದ್ದವು. ಇವರು ಜಡೆ ಹಿಡಿದು ಎಳೆದರು. ತಿರುಗಿ ಹಾರೆಯನ್ನು ಅವರ ಎದೆಯ ನೇರಕ್ಕೆ ಹಿಡಿದೆ.

"ಇನ್ನೊಂದ್ಸಲ ಮುಟ್ಟಿದ್ರೆ ಇದನ್ನ ನಿಮ್ಮೆದೆಗೇ ಇಳಿಸ್ತೀನಿ."

ಇಳಿಸುತ್ತಿದ್ದೆ ಕೂಡ. ಅದು ಅವರಿಗೂ ತಿಳಿಯಿತು, ಜಡೆ ಬಿಟ್ಟರು. ಮತ್ತೆ ಹಾರೆ ಎತ್ತಿದೆ. ಅಷ್ಟರಲ್ಲಿ ಮಗುವನ್ನು ಸೊಂಟಕ್ಕೇರಿಸಿಕೊಂಡು ಅತ್ತೆ ಬಾಗಿಲಿಗೆ ಬಂದು, ನಿಲ್ಲು ಎಂದರು. ಇನ್ನು ಅತ್ತೆಯ ಸರದಿ, ಬರಲಿ ಎಂದುಕೊಂಡೆ. ಅವರು ಒಳಗೆ ಬರಲಿಲ್ಲ. ಹಜಾರಕ್ಕೆ ಹೋಗಿ, ತುದಿಗಾಲಲ್ಲಿ ನಿಂತು, ಎಂದೂ ಮುಟ್ಟಿರದ ಮೇನ್ ಸ್ವಿಚ್ಚನ್ನು ಕೆಳಗೆಳೆದರು. ವಾಪಸ್ ಬಂದು ಮಗುವಿನ ಮುಖವನ್ನು ಹೆಗಲಿಗೆ ಒತ್ತಿಕೊಂಡರು.

"ಕರೆಂಟ್ ತೆಗ್ದಿದ್ದೀನಿ. ಅದು ನಾನು ತೊಳೀತಿದ್ದ ಕಲ್ಲು. ಈಗ ಹೊಡಿಯಮ್ಮ, ಒಂದು ಚೂರೂ ಉಳಿಸ್ಬೇಡ."